ಬೌರಾನ್ ಮೀಮಾಂಸೆ

ಅನುಬಂಧ ಚತುಷ್ಟಯ ಹೇಳದೆ ಶಾಸ್ತ್ರಗ್ರಂಥ ಶುರುಮಾಡಬಾರದು ಎಂಬುದು ಹಿರಿಯರ ಕಟ್ಟಳೆ: ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ. ಪ್ರಸ್ತುತ ಗ್ರಂಥದ ವಿಷಯ ಬೌರಾನ್, ಅಂದರೆ ಐರ್ಲೆಂಡಿನ ಚರ್ಮವಾದ್ಯ. ಇದನ್ನು ಕಲಿಯಲು ಅರ್ಹನಾದ ಅಧಿಕಾರಿ ಸಾಮಾನ್ಯವಾಗಿ ಪಿಟೀಲು ಕಲಿಯಲು ಹೋಗಿ ಮೂರೇ ತಿಂಗಳಿಗೆ ಕೈಬಿಟ್ಟವನು. ವಿಷಯಕ್ಕೂ ಅಧಿಕಾರಿಗೂ ಇರುವ ಸಂಬಂಧ ತೊಡೆಯ ಮೇಲೆ ಕೂರಿಸಿಕೊಳ್ಳುವಷ್ಟು ಹತ್ತಿರದ್ದು. ಇನ್ನು ಪ್ರಯೋಜನ. ಈ ಬಗ್ಗೆ ಪಕ್ಕದ ಕುರ್ಚಿಯ ಅಕಾರ್ಡಿಯನ್ ವಾದಕರನ್ನು ಕೇಳದಿರುವುದೇ ಲೇಸು.

ಮೊದಲು ವಸ್ತುಲಕ್ಷಣ. ಬಾಗಿಸಿದ ಮರದ ಬಳೆ, ಅದರ ಒಂದು ಮಗ್ಗುಲಿಗೆ ಬಿಗಿದ ಮೇಕೆಯ ಚರ್ಮ, ಇನ್ನೊಂದು ಮಗ್ಗುಲು ಬಯಲು. ಅಗಲ ಸಾಮಾನ್ಯವಾಗಿ 35ರಿಂದ 45 ಸೆಂಟಿಮೀಟರ್. ಎಡಗೈ ಒಳಗಿನಿಂದ ಚರ್ಮವನ್ನು ಒತ್ತಿ, ಸಡಿಲಿಸಿ ದನಿ ಬದಲಿಸುತ್ತದೆ. ಬಲಗೈ ಟಿಪ್ಪರ್ ಎಂಬ ಗೇಣುದ್ದದ ಕೋಲಿನಿಂದ ಬಾರಿಸುತ್ತದೆ. 1997ರ ‘ಟೈಟಾನಿಕ್’ ಚಿತ್ರದಲ್ಲಿ ನಾಯಕಿ ಮೂರನೇ ದರ್ಜೆಯವರ ಜೊತೆ ಕುಣಿಯುವ ದೃಶ್ಯವನ್ನು ನೋಡಿದವರು ಈ ವಾದ್ಯವನ್ನೂ ನೋಡಿದ್ದಾರೆ, ಆದರೆ ಗಮನಿಸಿಲ್ಲ. ಜನ ಗಮನಿಸದೆ ಇರುವಷ್ಟು ಹೊತ್ತೂ ಬೌರಾನ್ ವಾದಕ ಕ್ಷೇಮ ಎಂಬುದು ಮುಂದೆ ಸಿದ್ಧವಾಗಲಿದೆ.

ಉತ್ಪತ್ತಿ ಪ್ರಕರಣದಲ್ಲಿ ಪೂರ್ವಪಕ್ಷ ಹೀಗಿದೆ: ಬೌರಾನ್ ಅನಾದಿ, ಕೆಲ್ಟ್ ವೀರರು ಇದನ್ನು ಬಾರಿಸುತ್ತಲೇ ಯುದ್ಧಕ್ಕೆ ಹೊರಡುತ್ತಿದ್ದರು. ಇದನ್ನು ಡಬ್ಲಿನ್ನಿನ ಪ್ರವಾಸಿ ಅಂಗಡಿಗಳು ಬಲವಾಗಿ ಪ್ರತಿಪಾದಿಸುತ್ತವೆ. ಅಲ್ಲಿ ಮಾರಾಟಕ್ಕಿಟ್ಟ ವಾದ್ಯಗಳ ಮೇಲೆ ಕೆಲ್ಟ್ ಗಂಟುಚಿತ್ತಾರದ ಮುದ್ರೆಯೂ ಇರುವುದರಿಂದ ಪ್ರತ್ಯಕ್ಷ ಪ್ರಮಾಣಕ್ಕೇನೂ ಕೊರತೆಯಿಲ್ಲ. ಸಿದ್ಧಾಂತ ಇಷ್ಟು ವೀರೋಚಿತವಾಗಿಲ್ಲ. ಹಳ್ಳಿಗಳಲ್ಲಿ ಧಾನ್ಯ ತೂರಲು ಇದೇ ಆಕಾರದ ಚರ್ಮದ ಮೊರ ಬಳಕೆಯಲ್ಲಿತ್ತು. ಅದನ್ನು ಬಡಿದರೆ ಸದ್ದು ಬರುತ್ತದೆಂದು ಕಂಡುಕೊಳ್ಳಲು ಮಹಾ ವಿದ್ವತ್ತು ಬೇಕಿರಲಿಲ್ಲ. ಬ್ಲಾರ್ನಿಯ ಹ್ಯಾಲೊವೀನ್ ಹಬ್ಬವನ್ನು ಚಿತ್ರಿಸಿದ ಡೇನಿಯಲ್ ಮೆಕ್ಲೀಸ್‌ನ 1833ರ ಕಲಾಕೃತಿಯಲ್ಲಿ ವಾದ್ಯಗಾರರ ಗುಂಪಿನ ನಡುವೆ ಒಬ್ಬ ಟ್ಯಾಂಬೊರಿನ್ ಹಿಡಿದಿದ್ದಾನೆ. ಅದು ಇದರ ಅಜ್ಜ ಇರಬಹುದು, ದೊಡ್ಡಪ್ಪನೂ ಇರಬಹುದು.

ಇಪ್ಪತ್ತನೇ ಶತಮಾನದ ನಡುವಿನವರೆಗೆ ಬೌರಾನ್‌ಗೆ ಮುಖ್ಯವಾಗಿ ವರ್ಷಕ್ಕೊಂದು ದಿನದ ಕೆಲಸ. ಡಿಸೆಂಬರ್ 26, ಸಂತ ಸ್ಟೀಫನ್ ದಿನ. ಕೆರಿ, ಲಿಮರಿಕ್ ಕಡೆಯ ಹುಡುಗರು ಹುಲ್ಲಿನ ವೇಷ ತೊಟ್ಟು, ಮುಖ ಮರೆಸಿಕೊಂಡು, ಇದನ್ನು ಬಡಿಯುತ್ತ ಮನೆಮನೆಗೆ ಹೋಗಿ ಕಾಸು ಎತ್ತುತ್ತಿದ್ದರು. ಆ ದುಡ್ಡಿನಲ್ಲಿ ಕುಡಿತ, ಕುಣಿತ. ಪಾದ್ರಿಗಳಿಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. ಕೆರಿಯ ನಾಟಕಕಾರ ಜಾನ್ ಬಿ. ಕೀನ್ ಈ ಜಗಳವನ್ನೇ ಎತ್ತಿಕೊಂಡು 1986ರಲ್ಲಿ ‘ದಿ ಬೌರಾನ್ ಮೇಕರ್ಸ್’ ಕಾದಂಬರಿ ಬರೆದ. ಅದಕ್ಕೂ ಮೊದಲು, 1959ರ ತನ್ನ ‘ಸೈವ್’ ನಾಟಕದಲ್ಲಿ, ಅಲೆಮಾರಿ ಅಪ್ಪ-ಮಗನ ಜೋಡಿಯ ಜೊತೆ ಬೌರಾನನ್ನೂ ರಂಗಕ್ಕೆ ತಂದಿದ್ದ.

ಇಂಥ ಬೀದಿ ವಾದ್ಯಕ್ಕೆ ಉಪನಯನ ಮಾಡಿಸಿದವನು ಸಂಗೀತ ಸಂಯೋಜಕ ಶಾನ್ ಓ ರಿಯಡಾ. 1960ರ ದಶಕದ ಆರಂಭದಲ್ಲಿ ಕ್ಯೋಲ್ತೋರಿ ಹೂಲನ್ ಎಂಬ ಮೇಳ ಕಟ್ಟಿ, ಬೌರಾನನ್ನು ಕಚೇರಿಯ ವೇದಿಕೆಗೆ ಹತ್ತಿಸಿ, ಇದೇ ನಮ್ಮ ನೆಲದ ಚರ್ಮವಾದ್ಯ ಎಂದು ಸಾರಿದ. ಅಂದರೆ, ಸಾವಿರಾರು ವರ್ಷ ಹಳೆಯದು ಎನ್ನುವ ಈ ಪರಂಪರೆ ಇಷ್ಟು ಗಟ್ಟಿಯಾಗಿ ಬೇರೂರಿ ಸುಮಾರು ಅರವತ್ತು ವರ್ಷವಾಯಿತು.

ಈಗ ನಿಂದಾ ಪ್ರಕರಣ. ಇದು ಗ್ರಂಥದ ಹೃದಯಭಾಗ. ಬೌರಾನ್ ಕುರಿತ ಮೌಖಿಕ ಸಾಹಿತ್ಯದ ಬಹುಪಾಲು ಇದೇ. ಸಂಗೀತಗಾರರ ಹಿಂದೆ ಮುಂದೆ ಸುತ್ತುವವನಿಗೆ ಏನೆನ್ನುತ್ತಾರೆ? ಬೌರಾನ್ ವಾದಕ ಎನ್ನುತ್ತಾರೆ. ಇದು ಸಂಗೀತಗಾರರು ಪಬ್ಬಿನಲ್ಲಿ ಕೂಡಿ ನುಡಿಸುವ ಎಲ್ಲ ಬೈಠಕ್‌ಗಳಲ್ಲೂ ಓಡಾಡಿ ಸವೆದ ನಾಣ್ಯ. ಉಲಿಯನ್ ಪೈಪ್ ಎಂಬ ಐರಿಷ್ ತಿದಿವಾದ್ಯದ ವಾದಕ, ಜನಪದ ಸಂಗೀತ ಸಂಗ್ರಾಹಕ ಶೇಮಸ್ ಎನಿಸ್ (1919–1982) ಹೆಸರಿನಲ್ಲಿ ಚಾಲ್ತಿಯಲ್ಲಿರುವ ಮಾತು ಇನ್ನೂ ಹರಿತ: ಬೌರಾನ್ ನುಡಿಸಲು ಯೋಗ್ಯ ಸಾಧನ ಪೆನ್ಸಿಲ್ ಹೆರೆಯುವ ಚಾಕು.

ನಿಂದೆಗೆ ಶಾಸ್ತ್ರೀಯ ಕಾರಣವಿದೆ. ಐರಿಷ್ ನಾಟ್ಯಸಂಗೀತದಲ್ಲಿ ತಾಳ ಹೊರಗಿನಿಂದ ಬರಬೇಕಾಗಿಲ್ಲ. ಪಿಟೀಲಿನ ಕಮಾನಿನ ತಿರುವಿನಲ್ಲಿ, ಕೊಳಲಿನ ಉಸಿರಿನಲ್ಲಿ, ಗಮಕದ ಸಣ್ಣ ಕತ್ತರಿಕೆಗಳಲ್ಲಿ ಅದು ಒಳಗೇ ಇರುತ್ತದೆ. ತಲೆಮಾರುಗಟ್ಟಲೆ ಒಬ್ಬ ಪಿಟೀಲುಗಾರನೇ ಇಡೀ ಮನೆ ತುಂಬ ಜನರನ್ನು ಕುಣಿಸಿದ್ದಾನೆ. ಅಲ್ಲಿಗೆ ಚರ್ಮವಾದ್ಯ ಆಹ್ವಾನವಿಲ್ಲದ ನೆಂಟ. ಮೇಲಾಗಿ, ಪಿಟೀಲು ಕಲಿಯುವ ಹೊಸಬ ತಪ್ಪಿದರೆ ಅವನ ಸ್ವರ ಹತ್ತು ಸ್ವರಗಳ ನಡುವೆ ಮುಳುಗಿಹೋಗುತ್ತದೆ. ಬೌರಾನಿನ ಹೊಸಬ ತಪ್ಪಿದರೆ ಹತ್ತೂ ಜನ ಅವನ ಜೊತೆ ಮುಳುಗುತ್ತಾರೆ.

ಶಿಕ್ಷಾ ಪ್ರಕರಣಕ್ಕೆ ಬಂದರೆ, ಟಿಪ್ಪರನ್ನು ಪೆನ್ನಿನ ಹಾಗೆ ಹಿಡಿಯಬೇಕು, ಮೊನೆ ಎದೆಯ ಕಡೆಗಿರಬೇಕು. ಹೊಡೆತ ಮೊಣಕೈಯಿಂದಲ್ಲ, ಮಣಿಕಟ್ಟಿನ ಹೊರಳಿನಿಂದ. ಹೊಸಬನ ಕೈ ನೋಡಿ: ಹೆಬ್ಬೆರಳು ಬಿಳುಪೇರಿದೆ, ಭುಜ ಕಿವಿಗೆ ಏರಿದೆ, ಕೋಲು ಚರ್ಮಕ್ಕೆ ಬಡಿಯುವ ಬದಲು ಮರದ ಅಂಚಿಗೆ ತಾಗಿ ಟಕ್ಕೆಂದು ಕೆಳಗೆ ಬಿದ್ದಿದೆ. ಅದು ಮೇಜಿನಡಿ ಉರುಳಿದ್ದನ್ನು ಹುಡುಕುವಷ್ಟು ಹೊತ್ತು ಮೇಳದ ತಾಳ ಚೆನ್ನಾಗಿರುತ್ತದೆ.

ರೀಲ್ ಎಂಬ ಕುಣಿತದ ಧಾಟಿಗೆ ಆವರ್ತಕ್ಕೆ ಎಂಟು ಹೊಡೆತ, ಕೆಳಗೆ ಮೇಲೆ, ಕೆಳಗೆ ಮೇಲೆ, ವಿವಾದವಿಲ್ಲ. ಜಿಗ್ ಎಂಬ ಇನ್ನೊಂದು ಧಾಟಿ ಬಂದಾಗ ಮತಭೇದ ಏಳುತ್ತದೆ. ಅಲ್ಲಿ ಮೂರು ಮೂರರಂತೆ ಆರು ಹೊಡೆತ. ಕೈಯನ್ನು ಬಿಡದೆ ಕೆಳಗೆ ಮೇಲೆ ಆಡಿಸಿದರೆ ಎರಡನೆಯ ಒತ್ತು, ಅಂದರೆ ನಾಲ್ಕನೇ ಹೊಡೆತ, ಮೇಲ್ಮುಖವಾಗಿ ಬೀಳುತ್ತದೆ. ಇದೇ ಸರಿ ಎನ್ನುವುದು ಒಂದು ಪಂಥ. ಒತ್ತುಗಳೆರಡೂ ಕೆಳಮುಖವೇ ಆಗಬೇಕು, ಅದಕ್ಕಾಗಿ ನಡುವೆ ಎರಡು ಕೆಳಹೊಡೆತ ಒಟ್ಟಿಗೆ ಬಂದರೂ ಸರಿ ಎನ್ನುವುದು ಇನ್ನೊಂದು. ದ್ವೈತಾದ್ವೈತದ ಹಾಗೆ ಇಲ್ಲೂ ಎರಡು ಕಡೆಯವರಿಗೂ ಮೋಕ್ಷ ಸಿಕ್ಕಿದೆ. ಜಗಳ ಮಾತ್ರ ಮುಗಿದಿಲ್ಲ. ಇಷ್ಟರಲ್ಲಿ ಯಾರೋ ಒಂಬತ್ತು ಮಾತ್ರೆಯ ಸ್ಲಿಪ್ ಜಿಗ್ ಎತ್ತಿಕೊಂಡರೆ ಎರಡೂ ಪಂಥದ ವಿದ್ಯಾರ್ಥಿಗಳು ಬೀರ್ ತರಲು ಎದ್ದು ಹೋಗುತ್ತಾರೆ.

ಎಡಗೈ ವಿದ್ಯೆ ತೀರ ಈಚಿನದು. 1970ರ ದಶಕದಲ್ಲಿ ಡಿ ಡ್ಯಾನನ್ ತಂಡದ ಜಾನಿ ‘ರಿಂಗೊ’ ಮೆಕ್‌ಡೊನಾ ಮೊದಲಾದವರು ಒಳಗೈಯ ಒತ್ತಡದಿಂದ ಮಂದ್ರ-ತಾರಗಳನ್ನು ಹೊರಡಿಸತೊಡಗಿದರು. ಫ್ಲುಕ್ ತಂಡದ ಜಾನ್ ಜೋ ಕೆಲ್ಲಿಯ ಕಾಲಕ್ಕೆ ಕೋಲು ಚರ್ಮದ ಮೇಲಂಚಿಗೆ ಸರಿದು, ಕೈ ರಾಗವನ್ನೇ ಹಿಂಬಾಲಿಸುವಷ್ಟಾಯಿತು. ವಾದ್ಯವೂ ಬದಲಾಯಿತು. ಡಂಗಿವನ್ನಿನ ಶೇಮಸ್ ಓಕೇನ್ ಅವರಂಥ ತಯಾರಕರು ತೆಳು ಚರ್ಮ ಬಳಸಿದರು. ಅಂಚಿಗೆ ಎಲೆಕ್ಟ್ರಿಕಲ್ ಟೇಪು ಅಂಟಿ ಗುಂಯ್‌ಗುಡುವಿಕೆ ಅಡಗಿತು. ಒಳಗೆ ಚರ್ಮದ ಬಿಗಿ ಹೊಂದಿಸುವ ತಿರುಪುಗಳು ಬಂದವು. ತಿರುಪಿಲ್ಲದ ಹಳೆಯ ಬಗೆಯ ವಾದ್ಯವಿದ್ದವರು ಇಂದಿಗೂ ನೀರಿನ ಸ್ಪ್ರೇ ಬಾಟಲಿ ಒಯ್ಯುತ್ತಾರೆ. ನಮ್ಮ ತಮಟೆಯನ್ನು ಬಾರಿಸುವ ಮುನ್ನ ಬೆಂಕಿಗೆ ಹಿಡಿದು ಬಿಗಿ ಮಾಡಿದರೆ, ಹೀಟರ್ ಉರಿಯುವ ಪಬ್ಬಿನಲ್ಲಿ ಬಿಗಿದುಕೊಂಡ ಬೌರಾನನ್ನು ನೀರು ಚಿಮುಕಿಸಿ ಸಡಿಲ ಮಾಡಬೇಕು. ನೀರಿನ ಬದಲು ಗಿನ್ನೆಸ್ ಸವರುವ ಸಂಪ್ರದಾಯವೂ ಇದೆ. ಚರ್ಮಕ್ಕೆ ಎಷ್ಟು, ವಾದಕನಿಗೆ ಎಷ್ಟು ಎಂಬ ಪ್ರಮಾಣದ ಬಗ್ಗೆ ಏಕಾಭಿಪ್ರಾಯವಿಲ್ಲ.

ಸಭಾನಿಯಮ ಚಿಕ್ಕದು. ಒಂದು ಬೈಠಕ್, ಒಂದು ಬೌರಾನ್. ಇನ್ನೊಬ್ಬ ಆಗಲೇ ನುಡಿಸುತ್ತಿದ್ದರೆ ಎರಡನೆಯವನು ಚೀಲ ತೆರೆಯಬಾರದು. ಸರದಿ ಬಂದಾಗ ನುಡಿಸಬೇಕು. ರೀಲ್ ಆಗಲಿ ಜಿಗ್ ಆಗಲಿ, ಸಾಮಾನ್ಯವಾಗಿ ಎಂಟೆಂಟು ಆವರ್ತದ ಎರಡು ಭಾಗ, ಒಂದೊಂದೂ ಎರಡೆರಡು ಸಲ: ಒಟ್ಟು 32 ಆವರ್ತ. ಹೊಸಬ ಮೊದಲ ಸುತ್ತು ಕೇಳಿಸಿಕೊಂಡು, ಎರಡನೇ ಸುತ್ತಿಗೆ ಮೆಲ್ಲಗೆ ಸೇರಬೇಕು. ರಾಗ ಬಾಯಿಗೆ ಬಾರದವನು ಕೈಗೆ ತರಲಾರ. ಪರಿಣತರು ಬೌರಾನ್ ಶಿಷ್ಯರಿಗೆ ಹಾಡುಗಳನ್ನು ಗುನುಗಲು ಹೇಳುವುದು ಇದಕ್ಕೇ.

ನಿಂದಕರೂ ನಿಂದಿತರೂ ಒಂದೇ ಪಂಕ್ತಿಯಲ್ಲಿ ಕೂತ ಉದಾಹರಣೆಯೂ ಉಂಟು. ಅಮೆರಿಕದ ಸಂಯೋಜಕ ಜಾನ್ ಕೇಜ್ 1979ರಲ್ಲಿ, ಜೇಮ್ಸ್ ಜಾಯ್ಸ್‌ನ ‘ಫಿನೆಗನ್ಸ್ ವೇಕ್’ ಆಧರಿಸಿ ‘ರೊರಟೋರಿಯೊ’ ಎಂಬ ಧ್ವನಿಕೃತಿ ರಚಿಸಿದ. ಅದರಲ್ಲಿ ಬೌರಾನ್ ನುಡಿಸಿದವರು ಪ್ಯಾಡರ್ ಮರ್ಸಿಯರ್ ಮತ್ತು ಮಗ ಮೆಲ್. ಪೈಪ್ ನುಡಿಸಿದವರು ಸಾಕ್ಷಾತ್ ಶೇಮಸ್ ಎನಿಸ್. ಚಾಕು ಹೊರಬಂದ ಬಗ್ಗೆ ಉಲ್ಲೇಖವಿಲ್ಲ.

ಇಷ್ಟು ಓದಿಯೂ ಕಲಿಯುವ ಆಸೆ ಉಳಿದವರಿಗೆ ಒಂದೆರಡು ಕಿವಿಮಾತು. ಗಂಟುಚಿತ್ತಾರದ ಪ್ರವಾಸಿ ಬೌರಾನನ್ನು ಗೋಡೆಗೆ ತೂಗುಹಾಕಲು ಕೊಳ್ಳಿ. ನುಡಿಸಲು ತಿರುಪಿರುವುದನ್ನು, ಒಳಗೆ ಕೈ ಸರಾಗವಾಗಿ ಆಡುವಂಥದ್ದನ್ನು ಕೊಳ್ಳಿ. ಗುರು ಬೇಕೆಂದರೆ ಆರನ್ ದ್ವೀಪಗಳಲ್ಲೇ ಚಿಕ್ಕದಾದ ಇನಿಶೀರ್‌ನಲ್ಲಿ ಬೌರಾನಿಗೆಂದೇ ‘ಕ್ರಾಕನ್’ ಎಂಬ ಬೇಸಿಗೆ ಶಾಲೆ ನಡೆಯುತ್ತದೆ. ಸುತ್ತಲೂ ಅಟ್ಲಾಂಟಿಕ್ ಸಮುದ್ರ. ನೆರೆಹೊರೆಯವರ ದೂರು ಅಷ್ಟು ಸುಲಭಕ್ಕೆ ತಲುಪುವುದಿಲ್ಲ.