ತಿರುಗಿ ನೋಡಬೇಕೆನಿಸುವ ಹಳೇ ಕಾರು

ತುಮಕೂರಿನಲ್ಲಿ ಮನೆ, ಬೆಂಗಳೂರಿನಲ್ಲಿ ಕೆಲಸ ಇರುವವರದು ಒಂದು ಪ್ರತ್ಯೇಕ ಕುಲ. ‘ದಿನಾ ಅಪ್ ಅಂಡ್ ಡೌನ್ ಮಾಡ್ತೀನಿ’ ಎಂದು ಹೇಳಿ ನೋಡಿ, ಎದುರಿಗಿದ್ದವರು ತಕ್ಷಣ ‘ಅಯ್ಯೋ ಪಾಪ, ದಿನಾನೂನಾ?’ ಎನ್ನುತ್ತಾರೆ. ಪಾಪ ಅನ್ನಿಸಿಕೊಳ್ಳುವಂಥದ್ದೇನೂ ಇಲ್ಲ. ಇರುವುದೇ ಎಪ್ಪತ್ತು ಕಿಲೋಮೀಟರು. ರೈಲಿನ ಪಾಸು ಮಾಡಿಸಿಕೊಂಡು ಈ ಎಪ್ಪತ್ತು ಕಿಲೋಮೀಟರಿನಲ್ಲೇ ಇಡೀ ಸರ್ವಿಸು ಮುಗಿಸಿದವರು, ಕಿಟಕಿ ಪಕ್ಕದ ಸೀಟಿಗಾಗಿ ಯಾರ ಜೊತೆ ಜಗಳವಾಡಿದರೋ ಅವರ ಮನೆಯಿಂದಲೇ ಸೊಸೆ ತಂದುಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ನನಗೆ ಮಾತ್ರ ರೈಲಿನ ಹೊತ್ತಿಗೂ ಪೀಣ್ಯದ ಪಾಳಿಗೂ ಕೂಡಿಬರಲಿಲ್ಲ. ಹಾಗಾಗಿ ಕಾರು. ಹೊಸ ಕಾರಿನ ಕಂತು ಕೇಳಿದ ಮೇಲೆ, ಹಳೇ ಕಾರು.

ಹಳೇ ಕಾರು ಅಂದ ಕೂಡಲೇ ಜನ ‘ಓಡಿದರೆ ಸಾಕು, ಚೆಂದ ಯಾಕೆ?’ ಎನ್ನುತ್ತಾರೆ. ನಾನಿದನ್ನು ಸುತರಾಂ ಒಪ್ಪುವುದಿಲ್ಲ. ದಿನವೂ ಓಡಾಡುವವನಿಗೆ ನೆಲಮಂಗಲದ ಜಾಮು ಅವನ ಆಯ್ಕೆಯಲ್ಲ. ಕ್ಯಾತ್ಸಂದ್ರದ ಟೋಲು ಅವನ ಆಯ್ಕೆಯಲ್ಲ. ದಾಬಸ್‌ಪೇಟೆ ಹತ್ತಿರ ಬಲಗಡೆಯ ಲೇನು ತನಗೆ ಪಿತ್ರಾರ್ಜಿತವಾಗಿ ಬಂದದ್ದೆಂದು ತಿಳಿದು ನಲವತ್ತರ ವೇಗದಲ್ಲಿ ಹೊರಟಿರುವ ಲಾರಿಯಂತೂ ಅಲ್ಲವೇ ಅಲ್ಲ. ಆರಿಸಿಕೊಳ್ಳಲು ಉಳಿಯುವುದು ಕಾರೊಂದೇ. ಅದನ್ನೂ ಕಣ್ಣಿಗೆ ಹಿಡಿಸದ್ದು ತಂದುಕೊಂಡರೆ ಎದುರಿಗೆ ಶಿವಗಂಗೆ ಬೆಟ್ಟ ಎಷ್ಟು ಚೆನ್ನಾಗಿ ಕಂಡು ಏನು ಪ್ರಯೋಜನ? ಚೆಂದಕ್ಕೆ ನಾನಿಟ್ಟುಕೊಂಡ ಅಳತೆ ಇಷ್ಟೇ: ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ನಿಲ್ಲಿಸಿ ಒಳಗೆ ಕೂತಾಗ, ಹೊರಗೆ ನಿಂತ ಕಾರು ಕಣ್ಣಿಗೆ ಬಿದ್ದರೆ ಇನ್ನೊಂದು ಇಡ್ಲಿ ಹೇಳೋಣ ಅನ್ನಿಸಬೇಕು. ಎದ್ದು ಹೋಗೋಣ ಅನ್ನಿಸಬಾರದು.

ಈ ಅಳತೆಯನ್ನು ಮನೆಯಲ್ಲಿ ಮಂಡಿಸಿದ್ದೇ ತಡ, ಸಲಹೆಗಳು ಹರಿದುಬಂದವು. ಭಾವಮೈದನಿಗೆ ಬೇಕಾದದ್ದು ಸನ್‌ರೂಫು. ‘ಭಾವ, ಡೆಲ್ಲಿ ಗಾಡಿ ತರಿಸೋಣ, ಅರ್ಧಕ್ಕರ್ಧ ರೇಟು’ ಎಂದ. ಅಲ್ಲಿ ಹತ್ತು ವರ್ಷವಾದ ಡೀಸೆಲ್, ಹದಿನೈದು ವರ್ಷವಾದ ಪೆಟ್ರೋಲ್ ಗಾಡಿಗಳಿಗೆ ಕಡಿವಾಣ ಬಿದ್ದ ಮೇಲೆ ದೆಹಲಿಯ ಕಾರುಗಳು ದಕ್ಷಿಣಕ್ಕೆ ವಲಸೆ ಬರುವುದು ನಿಜ. ಆದರೆ ಆ ಗಾಡಿ ಇಲ್ಲಿಗೆ ಬಂದು, ಎನ್‌ಒಸಿ ತಂದು, ಕೆಎ ನಂಬರು ಪಡೆದು, ನಮ್ಮ ರಾಜ್ಯದ ಲೈಫ್ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಅರ್ಧಕ್ಕರ್ಧ ರೇಟಿನ ಇನ್ನರ್ಧವೂ ಬಂದು ಸೇರಿಕೊಳ್ಳುತ್ತದೆ. ಹೆಂಡತಿಯದು ನೇರ ತೀರ್ಪು. ನಾನು ಟೊಯೋಟಾ ಲಿವಾ ತೋರಿಸಿದೆ; ನಮ್ಮ ಬಿಡದಿಯಲ್ಲೇ ಹುಟ್ಟಿದ ಕಾರು, ಕೆಡುವುದು ಅಪರೂಪ. ‘ಅದರ ಅಣ್ಣ ಇಟಿಯೋಸು ಊರೆಲ್ಲ ಟ್ಯಾಕ್ಸಿ ಓಡ್ತಿದೆ ಕಣ್ರೀ. ಇದನ್ನ ತಂದ್ರೆ ಗೇಟಿನ ಮುಂದೆ ನಿಂತು ಏರ್‌ಪೋರ್ಟಿಗೆ ಎಷ್ಟು ಅಂತ ಕೇಳ್ತಾರೆ’ ಎಂದಳು. ಸ್ಪೀಡೋಮೀಟರನ್ನು ಸ್ಟೇರಿಂಗಿನ ಎದುರಿಗೆ ಇಡದೆ ಡ್ಯಾಶ್‌ಬೋರ್ಡಿನ ನಟ್ಟನಡುವೆ ಇಟ್ಟಿದ್ದಾರೆಂಬುದು ಅವಳ ಇನ್ನೊಂದು ತಕರಾರು. ಗಂಡ ಎಷ್ಟು ವೇಗದಲ್ಲಿ ಹೋಗುತ್ತಿದ್ದಾನೆಂದು ಪಕ್ಕದಲ್ಲಿ ಕೂತವರಿಗೂ ಕಾಣುವ ಇಂಥ ಅನುಕೂಲವನ್ನು ಒಬ್ಬ ಹೆಂಡತಿ ಬೇಡವೆಂದದ್ದು ನನಗೆ ಇವತ್ತಿಗೂ ಒಗಟು.

ಹಳೇ ಕಾರಿನ ಸಂತೆಯಲ್ಲಿ ಒಂದು ವಿಚಿತ್ರ ನ್ಯಾಯವಿದೆ. ನಿಜವಾಗಿ ನೋಡುವಂತಿರುವ ಸಣ್ಣ ಕಾರುಗಳು ಹೆಚ್ಚಾಗಿ ಅಗ್ಗಕ್ಕೆ ಸಿಗುತ್ತವೆ, ಯಾಕೆಂದರೆ ಅವುಗಳಲ್ಲಿ ಬಹಳಷ್ಟು ಅನಾಥವಾಗಿವೆ. 2009ರಲ್ಲಿ ಇಲ್ಲಿಗೆ ಬಂದ ಫಿಯಟ್ ಪುಂಟೋವನ್ನು ನೋಡಿ. ಆ ಮೈಕಟ್ಟಿನ ಹಿಂದೆ ಇಟಲಿಯ ಜುಜಾರೊ ಎಂಬ ಮಹಾಶಿಲ್ಪಿಯ ಕೈ ಇದೆ; ಇಷ್ಟು ವರ್ಷದ ಮೇಲೂ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತರೆ ಕಣ್ಣು ಅತ್ತ ಹೋಗುತ್ತದೆ. ಆದರೆ ಫಿಯಟ್ ಇಲ್ಲಿ ಕಾರು ಮಾರುವುದನ್ನೇ ಬಿಟ್ಟಿತು. ಫೋರ್ಡ್ 2021ರಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಫಿಗೋ ಅನಾಥವಾಯಿತು. ಪೋಲೊ 2010ರಿಂದ 2022ರವರೆಗೆ ಇತ್ತು, ಆಮೇಲೆ ಅದೂ ಇಲ್ಲ. ಪೋಲೊ ಬಾಗಿಲು ಹಾಕಿದಾಗ ಬರುವ ‘ಧಪ್’ ಸದ್ದು ಕೇಳಲೆಂದೇ ನಾನು ಒಂದೆರಡು ಕಡೆ ಬೇಕಿಲ್ಲದಿದ್ದರೂ ಬಾಗಿಲು ತೆಗೆದು ಹಾಕಿದ್ದೇನೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಪೋಲೊಗೆ ಒಂದೂ ಸ್ಟಾರ್ ಬರಲಿಲ್ಲ, ಎರಡು ಏರ್‌ಬ್ಯಾಗ್ ಇದ್ದದ್ದಕ್ಕೆ ನಾಲ್ಕು ಬಂತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕಾರು. ಹಳೇ ಕಾರು ಕೊಳ್ಳುವವರು ಮಾಡೆಲ್ಲಿನ ಹೆಸರಿಗಿಂತ ಬಾಲದಲ್ಲಿರುವ ಇಂಗ್ಲಿಷ್ ಅಕ್ಷರಗಳನ್ನು ಹುಷಾರಾಗಿ ಓದಬೇಕಾದದ್ದು ಇದಕ್ಕೇ.

ಈ ಸುಂದರರ ಪಟ್ಟಿ ಹಿಡಿದು ಕಾರು ರಿಪೇರಿಯ ಮೇಸ್ತ್ರಿ ಹತ್ತಿರ ಹೋದೆ. ಮೇಸ್ತ್ರಿ ಕಸುಬು ಕಲಿತದ್ದು ಮಾರುತಿ 800ರ ಮೇಲೆ. ಆ ಕಾರು 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿಯಲ್ಲಿ ನಿಂತಿತು. ಮೇಸ್ತ್ರಿ ನಿಂತಿಲ್ಲ. ಪಟ್ಟಿ ಪೂರ್ತಿ ಕೇಳಿಸಿಕೊಂಡು, ಕೈಯ ಗ್ರೀಸನ್ನು ಬನಿಯನ್ ಬಟ್ಟೆಗೆ ಒರೆಸಿಕೊಳ್ಳುತ್ತಾ, ‘ಎಲ್ಲಾ ಒಳ್ಳೇ ಗಾಡಿಗಳೇ ಸ್ವಾಮಿ. ದಾಬಸ್‌ಪೇಟೆಲಿ ರಾತ್ರಿ ಹತ್ತು ಗಂಟೇಲಿ ನಿಂತ್ಕೊಂಡ್ರೆ ಅದರ ಸ್ಪೇರು ಯಾವನ ಹತ್ರ ಇದೆ, ಅದೊಂದು ಹೇಳಿ’ ಎಂದರು. ನಂಬಿಕೆಯ ಕಾರು ಎಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ಕೆಡದ ಕಾರು ಎಂಬುದಿಲ್ಲ. ಕೆಟ್ಟರೆ ಮೊದಲು ಸಿಗುವ ಶೆಡ್ಡಿನಲ್ಲೇ ರಿಪೇರಿಯಾಗುವ ಕಾರು ಎಂಬುದಿದೆ.

ಡೀಸೆಲ್ಲಿನ ಆಸೆಯನ್ನೂ ಬಿಡಿಸಿದವರು ಅವರೇ. ನನ್ನ ಲೆಕ್ಕ ಕಾಗದದ ಮೇಲೆ ಚೊಕ್ಕವಾಗಿತ್ತು. ತಿಂಗಳಿಗೆ 3,000 ಕಿಲೋಮೀಟರ್. ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರಿಗೆ ಸುಮಾರು 190 ಲೀಟರ್ ಬೇಕು. 20 ಕೊಡುವ ಡೀಸೆಲ್ಲಿಗೆ 150 ಸಾಕು, ಅದರ ದರವೂ ಕಡಿಮೆ. ಸ್ವಿಫ್ಟು, ಡಿಜೈರು, ಪುಂಟೋ, ಇಂಡಿಕಾ ವಿಸ್ಟಾ, ಎಲ್ಲವುಗಳ ಹೊಟ್ಟೆಯೊಳಗೂ ಇದ್ದದ್ದು ಒಂದೇ 1.3 ಲೀಟರಿನ ಫಿಯಟ್ ಡೀಸೆಲ್ ಇಂಜಿನ್ನು. ಮಾರುತಿಯವರು 2020ರ ಏಪ್ರಿಲ್ಲಿಗೆ ಡೀಸೆಲ್ಲಿನ ಸಹವಾಸ ಬಿಟ್ಟರು. ‘ಅಂದ್ರೆ ಈಗ ಸಿಗೋದೆಲ್ಲ ಲಕ್ಷ ದಾಟಿರೋವೇ. ಟರ್ಬೊ, ಇಂಜೆಕ್ಟರು ಒಂದ್ಸಲ ಕೈ ಕೊಟ್ರೆ ನೀವು ಎರಡು ವರ್ಷ ಉಳಿಸಿದ್ದು ಒಂದೇ ಬಿಲ್ಲಿಗೆ’ ಎಂದರು ಮೇಸ್ತ್ರಿ. ಪೆಟ್ರೋಲೂ ಈಗ ಶೇ 20 ಎಥೆನಾಲ್ ಬೆರೆತದ್ದು, ಮೈಲೇಜ್ ಒಂದಿಷ್ಟು ಇಳಿಯುತ್ತದೆ. ಸಿಎನ್‌ಜಿ ಆದರೆ ಡಿಕ್ಕಿಯೆಲ್ಲ ಸಿಲಿಂಡರಿಗೆ. ಅಮ್ಮನ ಹಪ್ಪಳದ ಡಬ್ಬ, ತೆಂಗಿನಕಾಯಿ ಚೀಲ ಮಡಿಲಲ್ಲಿ.

ಇನ್ನು ಬ್ರೋಕರುಗಳ ಲೋಕ. ಕರ್ನಾಟಕದಲ್ಲಿ ಮಾರಾಟಕ್ಕಿರುವ ಹಳೇ ಕಾರುಗಳೆಲ್ಲ ಡಾಕ್ಟರುಗಳವು. ‘ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಒಂದ್ರುಪಾಯಿ ಖರ್ಚಿಲ್ಲ.’ ಈ ನಾಡಿನ ಇಂಜಿನಿಯರುಗಳು, ವಕೀಲರು, ಅಡಿಕೆ ಮಂಡಿಯವರು ತಮ್ಮ ಕಾರುಗಳನ್ನು ಎಲ್ಲಿ ಬಚ್ಚಿಡುತ್ತಾರೋ ಗೊತ್ತಿಲ್ಲ. ಅಂಥದ್ದೊಂದು ಡಾಕ್ಟರ್ ಗಾಡಿಯ ಮುಂದೆ ನಾನೂ ಮೇಸ್ತ್ರಿಯೂ ನಿಂತಿದ್ದೆವು. ಕೆಂಪು ಬಣ್ಣ, ಪಾಲಿಶ್ ಹೊಡೆದು ಕನ್ನಡಿಯಾಗಿತ್ತು. ಮೀಟರು 31,000 ಎನ್ನುತ್ತಿತ್ತು. ಮೇಸ್ತ್ರಿ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ‘ನಾವು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ದೀರಲ್ಲ, ಬೆಳಿಗ್ಗೆ ತಣ್ಣಗಿದ್ದಾಗ ಏಳಲ್ವಾ?’ ಎಂದರು. ಬ್ರೋಕರು ನಕ್ಕ. ಆಮೇಲೆ ಮೇಸ್ತ್ರಿ ನನ್ನನ್ನು ಟೈರಿನ ಪಕ್ಕ ಕುಕ್ಕರಗಾಲಲ್ಲಿ ಕೂರಿಸಿದರು. ಟೈರಿನ ಪಕ್ಕೆಯಲ್ಲಿ ಒಂದು ಪುಟ್ಟ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ: 2223. ಎಂದರೆ 2023ರ ಇಪ್ಪತ್ತೆರಡನೇ ವಾರ ತಯಾರಾದ ಟೈರು. ನಾಲ್ಕೂ ಚಕ್ರದಲ್ಲಿ ಅದೇ ಅಂಕಿ. ಕಾರು 2019ರದು. ‘ಮೂವತ್ತೊಂದು ಸಾವಿರಕ್ಕೇ ನಾಲ್ಕೂ ಟೈರು ಸವೆಸಿ ಬಿಸಾಕಿದ ಡಾಕ್ಟ್ರು ಯಾರಪ್ಪ?’ ಎಂದು ಮೇಸ್ತ್ರಿ ತಣ್ಣಗೆ ಕೇಳಿದರು. ಕ್ಲಚ್ಚಿನ ಪೆಡಲಿನ ರಬ್ಬರಿನಲ್ಲಿ ಗೆರೆಗಳೇ ಉಳಿದಿರಲಿಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸಬಹುದು. ಕಾಲು ತಿಕ್ಕಿ ನುಣುಪಾದ ರಬ್ಬರಿಗೆ ಗೆರೆ ಮೂಡಿಸಲು ಯಾವ ಲ್ಯಾಪ್‌ಟಾಪಿನಿಂದಲೂ ಆಗದು.

ಅವರಿಂದ ಕಲಿತ ಇನ್ನೊಂದು ವಿದ್ಯೆ ಸೀಟ್ ಬೆಲ್ಟಿನದು. ಬೆಲ್ಟನ್ನು ಎಲ್ಲರೂ ಹಾಕಿಕೊಳ್ಳುವಷ್ಟು ಎಳೆಯುತ್ತಾರೆ. ಮೇಸ್ತ್ರಿ ಅದನ್ನು ತುದಿ ಮುಟ್ಟುವ ತನಕ ಎಳೆಯುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಬೆಳ್ಳಂದೂರು, ಯಮಲೂರಿನ ಕಡೆ ಎಷ್ಟು ಕಾರುಗಳು ಮುಳುಗಿದವೆಂದು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೇವೆ. ಅಂಥ ಗಾಡಿಯ ಕಾರ್ಪೆಟ್ ಬದಲಾಯಿಸುತ್ತಾರೆ, ಸೀಟು ತೊಳೆಸುತ್ತಾರೆ, ಸೆಂಟು ಹೊಡೆಯುತ್ತಾರೆ. ಬೆಲ್ಟಿನ ಒಳಸುರುಳಿಯಲ್ಲಿ ಉಳಿದ ಕೆಸರಿನ ಗೆರೆ ಮಾತ್ರ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಕರಾವಳಿಯ ಗಾಡಿ, ಅಂದರೆ ಕೆಎ 19, ಕೆಎ 20, ಕೆಎ 30 ಕಂಡರೆ ಮೇಸ್ತ್ರಿ ಮಾತೇ ಆಡದೆ ಗೋಣಿಚೀಲ ಹಾಸಿ ಕೆಳಗೆ ನುಸುಳುತ್ತಾರೆ. ಉಪ್ಪುಗಾಳಿ ಮೇಲಿನ ಬಣ್ಣವನ್ನು ಬಿಟ್ಟು ಬುಡವನ್ನು ತಿನ್ನುತ್ತದೆ. ಹಾಗೆಂದು ಕರಾವಳಿಯ ಕಾರೆಲ್ಲ ತುಕ್ಕು ಎನ್ನಲಾಗದು. ನೋಡದೆ ಕೊಳ್ಳಬಾರದು ಅಷ್ಟೆ.

ಕೊನೆಗೆ ಸಿಕ್ಕಿದ್ದು ಬ್ರೋಕರ್ ಇಲ್ಲದೆ, ತಿಪಟೂರಿನ ನಿವೃತ್ತ ಮೇಷ್ಟರೊಬ್ಬರ ಕೊಟ್ಟಿಗೆಯಲ್ಲಿ. 2018ರ ಸ್ವಿಫ್ಟು, ಪೆಟ್ರೋಲು, ಬೂದಿ ಬಣ್ಣ. ಸ್ವಿಫ್ಟು 2005ರಲ್ಲಿ ಇಲ್ಲಿಗೆ ಬಂದಾಗಿನಿಂದ ರೂಪ ಬದಲಾಯಿಸುತ್ತ ಬಂದಿದೆ, ಆದರೆ ಆ ಕಪ್ಪು ಕಂಬಗಳ ಮೇಲೆ ತೇಲುವಂಥ ಮಾಡು, ಪುಟ್ಟದಾದರೂ ನೆಲಕ್ಕೆ ಅಂಟಿ ನಿಂತ ಭಂಗಿ ಹಾಗೇ ಇದೆ. ಬೀದಿಗೆ ಹತ್ತು ಇರುವ ಕಾರನ್ನು ಸ್ಟೈಲಿಶ್ ಎನ್ನಲು ಭಾವಮೈದ ಒಪ್ಪುವುದಿಲ್ಲ. ಬೀದಿಗೆ ಹತ್ತು ಇದ್ದೂ ಬೇಸರ ಬರಿಸದ ಕಾರಿಗೆ ಬೇರೆ ಯಾವ ಹೆಸರಿಡಬೇಕೋ ನನಗೆ ತಿಳಿಯದು. 2018ರಿಂದ ಎಲ್ಲಾ ಸ್ವಿಫ್ಟುಗಳಲ್ಲೂ ಕನಿಷ್ಠ ಎರಡು ಏರ್‌ಬ್ಯಾಗು, ಎಬಿಎಸ್ ಇದ್ದೇ ಇವೆ. ಆದರೂ ಅದೇ ವರ್ಷದ ಗುದ್ದು ಪರೀಕ್ಷೆಯಲ್ಲಿ ಬಂದದ್ದು ಎರಡೇ ಸ್ಟಾರು, ಅದನ್ನು ಮುಚ್ಚಿಡುವುದು ಬೇಡ. ನಾನು ಎಂಬತ್ತು ದಾಟದವನು. ಹೆದ್ದಾರಿಯಲ್ಲಿ ಉಳಿದವರೂ ಹಾಗೇ ಇರುತ್ತಾರೆಂಬ ಭರವಸೆ ಮಾತ್ರ ನನಗಿಲ್ಲ.

ಆ ಕಾರಿನಲ್ಲಿ ಒಂದು ಚಮತ್ಕಾರವಿದೆ. ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರಿನಂತೆ ಕಾಣಲೆಂದು ಹಿಂಬಾಗಿಲಿನ ಹಿಡಿಯನ್ನು ಕಿಟಕಿಯ ಹಿಂದೆ, ಮೇಲಿನ ಕಪ್ಪು ಭಾಗದಲ್ಲಿ ಬಚ್ಚಿಟ್ಟಿದ್ದಾರೆ. ಅಮ್ಮನನ್ನು ಕೂರಿಸಲು ಕರೆದುಕೊಂಡು ಬಂದೆ. ಅವಳು ಬಾಗಿಲಿನ ಮೇಲೆ ಕೈಯಾಡಿಸಿದಳು, ಕೆಳಗೆ ನೋಡಿದಳು, ಕನ್ನಡಕ ಸರಿಮಾಡಿಕೊಂಡಳು, ಕೊನೆಗೆ ‘ಹಿಡಿ ಬಿದ್ದು ಹೋಗಿರೋ ಗಾಡಿಗೆ ಐದು ಲಕ್ಷ ಕೊಡ್ತೀಯೇನೋ?’ ಎಂದಳು. ಮೇಷ್ಟರು ಓಡಿ ಬಂದು ತೋರಿಸಿಕೊಟ್ಟರು. ‘ಮಕ್ಕಳಿಗೂ ಇದು ಸಿಕ್ತಿರಲಿಲ್ಲ ಅಮ್ಮ, ಅದಕ್ಕೇ ಹಿಂದಿನ ಸೀಟು ಹೊಸದಾಗಿದೆ’ ಎಂದರು. 2024ರ ಹೊಸ ಸ್ವಿಫ್ಟಿನಲ್ಲಿ ಕಂಪನಿಯವರು ಹಿಡಿಯನ್ನು ಮತ್ತೆ ಬಾಗಿಲಿಗೇ ತಂದಿದ್ದಾರೆ. ನಮ್ಮಮ್ಮನಂಥವರು ಊರೂರಿನಲ್ಲೂ ಇರಬೇಕು.

ಮೇಸ್ತ್ರಿ ಅಂದು ಎಲ್ಲವನ್ನೂ ನೋಡಿದರು. ಬಾನೆಟ್ಟು ತಣ್ಣಗಿತ್ತು. ಆಯಿಲ್ ಮುಚ್ಚಳ ತೆರೆದು ಒಳಬದಿಗೆ ಬೆರಳಾಡಿಸಿದರು. ನೀರು ಬೆರೆತರೆ ಬರುವ ಬಿಳಿ ಕೆನೆ ಇರಲಿಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇರಲಿಲ್ಲ. ಟೈರಿನ ಅಂಕಿಗೂ ಮೀಟರಿಗೂ ತಾಳೆಯಾಯಿತು. ಮೇಷ್ಟರ ಬಳಿ ಸರ್ವಿಸ್ ಬಿಲ್ಲುಗಳೆಲ್ಲ ದಾರದಲ್ಲಿ ಪೋಣಿಸಿಟ್ಟಿದ್ದವು, ಮೊದಲನೆಯದು ಅಡಿಗೆ. ಕೆಳಗಿನಿಂದ ಹೊರಗೆ ಬಂದ ಮೇಸ್ತ್ರಿ ಬೆನ್ನಿನ ಧೂಳು ಕೊಡವಿಕೊಂಡು, ಸ್ವಲ್ಪ ನಿರಾಶೆಯಿಂದಲೇ, ‘ಇದರಲ್ಲಿ ನನಗೇನೂ ಕೆಲಸ ಇಲ್ಲ ಸ್ವಾಮಿ’ ಎಂದರು. ಆ ನಿರಾಶೆಗೇ ನಾನು ಅಡ್ವಾನ್ಸು ಕೊಟ್ಟದ್ದು.

ಕಾಗದಪತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಫಾರಂ 29, 30 ಸಹಿ ಮಾಡಿ ಆರ್‌ಟಿಒಗೆ ಕೊಡಿ. ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35. ಮಾರಿದವರಿಗೆ 14 ದಿನ, ಕೊಂಡವರಿಗೆ 30 ದಿನದ ಗಡುವು. ಕ್ಯಾಮೆರಾ ಹಾಕಿದ ಹಳೇ ದಂಡ ಬಾಕಿ ಇದೆಯೇ ನೋಡಿ. ನೋ ಕ್ಲೇಮ್ ಬೋನಸ್ಸು ಮಾರಿದವರ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಆರ್‌ಸಿ ನಿಮ್ಮ ಹೆಸರಿಗೆ ಆಗುವ ತನಕ ಒಂದಿಷ್ಟು ಹಣವನ್ನು ಕೈಯಲ್ಲೇ ಇಟ್ಟುಕೊಳ್ಳಿ. ಮತ್ತೆ, ಮೇಸ್ತ್ರಿಯನ್ನು ಕರೆದುಕೊಂಡು ಹೋದರೆ ಬಸ್ ಚಾರ್ಜು, ಕಾಫಿ ತಿಂಡಿ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಅರ್ಧ ದಿನದ ಕೂಲಿ ಕೊಡಿ, ಚೌಕಾಸಿ ಮಾಡಬೇಡಿ. ಐದು ಲಕ್ಷದ ಆ ವ್ಯವಹಾರದಲ್ಲಿ ನಿಮ್ಮ ಪರವಾಗಿ ನೆಲದ ಮೇಲೆ ಮಲಗುವವರು ಅವರೊಬ್ಬರೇ.