ಕಟಿವಲಯ ಮೀಮಾಂಸೆ: ಪ್ಯಾರಿಸ್ಸಿನ ಟುಟುವಿನಿಂದ ಕೀಲುಕುದುರೆಯ ಲಂಗದವರೆಗೆ

ನೃತ್ಯವಸ್ತ್ರದ ಪ್ರಾದೇಶಿಕ ಸಂಕಥನವನ್ನು ಅನನ್ಯತೆಯ ನೆಲೆಯಲ್ಲಿ ಮುಖಾಮುಖಿಯಾಗುವ, ತನ್ಮೂಲಕ ಸೊಂಟದ ಸುತ್ತಲಿನ ಬಟ್ಟೆಯನ್ನು ಒಂದು ಪಠ್ಯವಾಗಿ ಮರುನಿರ್ವಚಿಸಿಕೊಳ್ಳುವ ಪ್ರಸ್ತುತ ಪ್ರಬಂಧದ ಪ್ರಮೇಯ ಇಷ್ಟೇ: ಬ್ಯಾಲೆ ನರ್ತಕಿಯರು ತೊಡುವ ಟುಟು ಎಂಬ ಗರಿಗರಿ ಲಂಗ ಹುಟ್ಟಿದ್ದು ಗುಬ್ಬಿಗೂ ಕುಣಿಗಲ್ಲಿಗೂ ನಡುವೆ ಎಲ್ಲೋ ಒಂದು ಕಡೆ. ಪ್ಯಾರಿಸ್ ಪಕ್ಷದವರ ಆಧಾರ ಎಲ್ಲರಿಗೂ ಗೊತ್ತಿರುವುದೇ. 1832ರ ಮಾರ್ಚ್ 12ರಂದು ಅಲ್ಲಿನ ಒಪೆರಾದಲ್ಲಿ ‘ಲಾ ಸಿಲ್ಫೀಡ್’ ಆಡಿದರು. ಮರೀ ಟ್ಯಾಗ್ಲಿಯೋನಿ ಮೀನಖಂಡದವರೆಗೆ ಇಳಿದ ತೆಳ್ಳನೆಯ ಬಿಳಿ ಲಂಗ ತೊಟ್ಟು ತುದಿಬೆರಳ ಮೇಲೆ ನಿಂತಳು. ಟುಟುವಿನ ವಂಶಾವಳಿಯನ್ನು ಅಲ್ಲಿಂದಲೇ ಎಣಿಸುತ್ತಾರೆ. ನಮ್ಮ ಗುಬ್ಬಿ ನಾಟಕ ಕಂಪನಿ ಕಟ್ಟಿದ್ದು 1884ರಲ್ಲಿ. ಐವತ್ತೆರಡು ವರ್ಷ ತಡವಾಯಿತು, ನಿಜ. ಆದರೆ ಎಲ್ಲದರ ಮೂಲವನ್ನೂ ತನ್ನ ಊರಿಗೆ ತಂದೇ ತೀರುತ್ತೇನೆಂದು ಹೊರಟ ಸಂಶೋಧಕನಿಗೆ ಐವತ್ತೆರಡು ವರ್ಷ ಯಾವ ಲೆಕ್ಕ? ‘ಜನಪದರ ಕಾಲಪ್ರಜ್ಞೆ ಚಕ್ರೀಯವಾದದ್ದು’ ಎಂದು ಒಂದು ಸಾಲು ಸೇರಿಸಿದರೆ ಆ ತೊಡಕೂ ಕಳೆಯಿತು.

ಇಂಥ ಪ್ರಬಂಧಕ್ಕೆ ವರ್ಗೀಕರಣವೇ ಜೀವಾಳ. ನೃತ್ಯವಸ್ತ್ರಗಳಲ್ಲಿ ಏಳು ಪ್ರಭೇದ. ಮೊದಲನೆಯದು ಪಾರ್ಶ್ವವಿಸ್ತಾರಿ: ಹತ್ತು ಹನ್ನೆರಡು ಪದರ ನೆಟ್ ಬಟ್ಟೆಯನ್ನು ಸೊಂಟದಿಂದ ಅಡ್ಡಕ್ಕೆ ಹರಡಿ ನಿಲ್ಲಿಸುವ, ನಂತರದ ಕಾಲದ ಗಿಡ್ಡ ಟುಟು. ಎರಡನೆಯದು ಊರ್ಧ್ವವಿಸ್ತಾರಿ: ಗ್ರಾಮದೇವತೆಯ ಜಾತ್ರೆಯಲ್ಲಿ ಸೋಮನ ಕುಣಿತದವರು ಹೊರುವ ಮರದ ದೊಡ್ಡ ಮುಖ ಮತ್ತು ಅದರ ಮೇಲಿನ ಬಣ್ಣದ ಬಟ್ಟೆಯ ಅಲಂಕಾರ. ಮೂರನೆಯದು ಅಧಃಪ್ರವಾಹಿ: ಕೀಲುಕುದುರೆಯ ಸುತ್ತ ನೆಲ ಸವರುವ ಲಂಗ. ನಾಲ್ಕನೆಯದು ಸರ್ವಾಂಗಭಾರಿ: ಕುರುಕ್ಷೇತ್ರ ನಾಟಕದ ದುರ್ಯೋಧನ ಕಿರೀಟ ಭುಜಕೀರ್ತಿಗಳ ಸಮೇತ. ಐದರಿಂದ ಏಳನ್ನು ಊಟದ ವಿರಾಮದ ನಂತರ ಮಂಡಿಸುವುದಾಗಿ ಹೇಳಿ ಬಿಟ್ಟುಬಿಡುವುದು ವಾಡಿಕೆ. ಊಟವಾದ ಮೇಲೆ ಕೇಳಲು ಯಾರೂ ಉಳಿದಿರುವುದಿಲ್ಲ, ಪ್ರಮಾಣಪತ್ರಕ್ಕೆ ಕಾದಿರುವ ವಿದ್ಯಾರ್ಥಿಗಳ ಹೊರತು.

ಈಗ ತೌಲನಿಕ ಭಾಗ. ಹದಿನೆಂಟನೆಯ ಶತಮಾನದಲ್ಲೇ ಪ್ಯಾರಿಸ್ಸಿನ ನರ್ತಕಿ ಮರೀ ಕಮಾರ್ಗೋ ತನ್ನ ಪಾದದ ಚುರುಕು ಕಾಣಲೆಂದು ಲಂಗವನ್ನು ಕಣಕಾಲಿನಿಂದ ಮೇಲಕ್ಕೆ ಏರಿಸಿದ್ದಳು. ಮುಂದಿನವರು ಇನ್ನೂ ಏರಿಸಿದರು. ಲಂಗ ಏರಿದಷ್ಟೂ ಕಾಲು ಕಂಡಿತು. ಆದರೆ ಕಂಡ ಕಾಲಿಗೆ ನೆಲವೇ ತಾಕುತ್ತಿಲ್ಲ, ನರ್ತಕಿ ಗಾಳಿಯಲ್ಲಿದ್ದಾಳೆ ಎಂದು ನೋಡುವವರು ನಂಬಬೇಕು. ಕೀಲುಕುದುರೆಯದು ಇದರ ತಿರುವುಮುರುವು. ಬಿದಿರ ದಬ್ಬೆಯ ಚೌಕಟ್ಟಿಗೆ ಬಟ್ಟೆ, ಕಾಗದ ಮೆತ್ತಿ ಕುದುರೆ ಮಾಡಿ, ನಡುವಿನ ತೂತಿನಲ್ಲಿ ಮನುಷ್ಯ ನಿಂತು, ಪಟ್ಟಿಗಳನ್ನು ಹೆಗಲಿಗೆ ಸಿಕ್ಕಿಸಿಕೊಳ್ಳುತ್ತಾನೆ. ಸುತ್ತಲಿನ ಲಂಗ ಅವನ ಕಾಲನ್ನು ಮುಚ್ಚುತ್ತದೆ. ಅವು ಕುದುರೆಯ ಕಾಲು ಎಂದು ನಾವು ನಂಬಬೇಕು. ಟುಟು ಕಾಲು ತೋರಿಸಿ ಸುಳ್ಳು ಹೇಳುತ್ತದೆ, ಕೀಲುಕುದುರೆ ಮುಚ್ಚಿ. ಎರಡರಲ್ಲೂ ಭಾರ ಹೊತ್ತವರಿಗೆ ಭಾರವೇ ಇಲ್ಲವೆಂದು ಕಾಣಬೇಕು. ಪಟ್ಟಿ ಹೆಗಲನ್ನು ಕೊರೆಯದಿರಲೆಂದು ಅದರಡಿ ಮಡಿಸಿಟ್ಟ ಹಳೇ ಟವೆಲ್ಲು ಯಾವ ಪ್ರಬಂಧದ ಛಾಯಾಚಿತ್ರದಲ್ಲೂ ಬೀಳದು. ನೃತ್ಯವಸ್ತ್ರದ ಚರಿತ್ರೆಯನ್ನು ನೋಡಿದವರು ಬರೆದಿದ್ದಾರೆ, ತೊಟ್ಟವರು ಬರೆದಿಲ್ಲ. ನನ್ನ ತಕರಾರು ಇದೊಂದೇ.

ಬ್ಯಾಲೆಯ ದಾಖಲೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಗ್ಯಾಸ್ ದೀಪಗಳ ರಂಗದಲ್ಲಿ ತೆಳುಬಟ್ಟೆ ಉರಿ ಹಿಡಿಯುತ್ತಿತ್ತು. 1844ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ನರ್ತಕಿ ಕ್ಲಾರಾ ವೆಬ್‌ಸ್ಟರ್ ಸುಟ್ಟುಕೊಂಡು ಸತ್ತಳು. ಬಟ್ಟೆಗೆ ಬೆಂಕಿ ತಗುಲದಂತೆ ಅದ್ದುವ ದ್ರಾವಣ ಬಂದಿತ್ತು, ಫ್ರಾನ್ಸಿನಲ್ಲಿ 1859ರಲ್ಲಿ ಆಜ್ಞೆಯೂ ಹೊರಟಿತ್ತು. ಅದ್ದಿದ ಬಟ್ಟೆ ಪೆಡಸಾಗುತ್ತದೆ, ಬಿಳುಪು ಮಂಕಾಗುತ್ತದೆ. ಪ್ಯಾರಿಸ್ಸಿನ ನರ್ತಕಿ ಎಮ್ಮಾ ಲಿವ್ರಿ ಅದನ್ನು ಒಲ್ಲೆನೆಂದಳು. 1862ರ ನವೆಂಬರಿನಲ್ಲಿ ತಾಲೀಮಿನ ಹೊತ್ತಿಗೆ ಅವಳ ಲಂಗಕ್ಕೆ ದೀಪದ ಕಿಡಿ ತಾಗಿತು. ಅವಳದು ಮೂಕ ಹುಡುಗಿಯ ಪಾತ್ರ. ಎಂಟು ತಿಂಗಳು ನರಳಿ ತೀರಿಕೊಂಡಾಗ ಇಪ್ಪತ್ತೊಂದೂ ತುಂಬಿರಲಿಲ್ಲ. ‘ಅವಳೇ ಬೇಡವೆಂದಳಲ್ಲ, ಯಾರೇನು ಮಾಡಲಾದೀತು’ ಎಂದು ಕೇಳುವವರಿದ್ದಾರೆ. ಬಿಳುಪಿಗೆ ಚಪ್ಪಾಳೆ, ಚಪ್ಪಾಳೆಗೆ ಸಂಬಳ ಎಂದು ಗೊತ್ತಿದ್ದ ಹುಡುಗಿ ಮಂಕು ಬಟ್ಟೆ ಉಡಲು ಒಪ್ಪುವುದು ಹೇಗೆ? ಅದನ್ನು ಅವಳ ಆಯ್ಕೆ ಎನ್ನುವುದು ನಮ್ಮ ಅನುಕೂಲಕ್ಕೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ತುಮಕೂರು ಸೀಮೆಯಲ್ಲಿ ಕುರುಕ್ಷೇತ್ರ ಆಡುವವರು ದುಡ್ಡು ಪಡೆಯುವುದಿಲ್ಲ, ಕೊಡುತ್ತಾರೆ. ಗುಬ್ಬಿ ವೀರಣ್ಣ ಕಲಾಕ್ಷೇತ್ರವಿರಲಿ, ಊರ ಮುಂದಿನ ಚಪ್ಪರವಿರಲಿ, ಪಾತ್ರಕ್ಕೆ ತಕ್ಕಂತೆ ವಂತಿಗೆ ಹಾಕಿ, ಡ್ರಾಮಾ ಸೀನರಿಯವರಿಂದ ಜರಿಯ ವೆಲ್ವೆಟ್ಟು ಬಾಡಿಗೆಗೆ ತಂದು, ಬೇಸಿಗೆಯ ಸೆಕೆಯಲ್ಲಿ ಬೆಳಗಿನವರೆಗೂ ಬೆವರುತ್ತಾ ಹಾಡುತ್ತಾರೆ. ಇಲ್ಲಿ ಶೋಷಣೆ ಎಲ್ಲಿ ಬಂತು? ಬರಲಿಲ್ಲ, ಒಪ್ಪುತ್ತೇನೆ. ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನನಾಗುವ ಸುಖಕ್ಕೆ ರೈತನೊಬ್ಬ ತಾನೇ ಬೆಲೆ ಕಟ್ಟಿದ್ದಾನೆ, ಸೆಕೆಯೂ ಅದರಲ್ಲಿ ಸೇರಿದೆ. ಅದೇ ವೆಲ್ವೆಟ್ಟನ್ನು ಬೆಳಗ್ಗೆ ಕಳಚಿ ಹೊಲಕ್ಕೆ ಹೋಗುತ್ತಾನೆ. ನನ್ನ ಮಾತು ಕಳಚಲು ಇನ್ನೊಬ್ಬರ ಅಪ್ಪಣೆಗೆ ಕಾಯುವವರದು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ‘ದೇಸಿ ದೇಹಭಾಷೆಯ ಯಜಮಾನ್ಯ ನಿರಾಕರಣೆ’ ಎಂಬಂಥ ವಿಚಾರ ಸಂಕಿರಣಗಳಿಗೆ ಹೆಬ್ಬಾಗಿಲಲ್ಲಿ ವೀರಗಾಸೆ, ಕೀಲುಕುದುರೆ, ಪಟದ ಕುಣಿತ ಇರಲೇಬೇಕು. ಹತ್ತಕ್ಕೆ ಉದ್ಘಾಟನೆ, ಉದ್ಘಾಟಕರು ಹನ್ನೆರಡಕ್ಕೆ. ಅಲ್ಲಿಯವರೆಗೆ ಬಿಸಿಲಲ್ಲಿ ಯಜಮಾನ್ಯ ನಿರಾಕರಿಸುತ್ತಾ ನಿಂತಿರುವವನ ಬಾಯಿಗೆ ನೀರು ಕೊಡುವುದಕ್ಕೂ ಯಾರೂ ಇಲ್ಲ! ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಫಾರಮ್ಮಿನಲ್ಲಿ ನಿಜದ ಕುದುರೆಗೆ ಲಾಯವಿದೆ, ನೆರಳಿದೆ, ನೋಡಲು ವೈದ್ಯರಿದ್ದಾರೆ. ಕೀಲುಕುದುರೆಗೆ ಇದ್ಯಾವುದೂ ಇಲ್ಲ, ಅದರೊಳಗೆ ಮನುಷ್ಯನಿದ್ದಾನೆ ಎಂಬ ಒಂದೇ ಕಾರಣಕ್ಕೆ. ಒಳಗೆ ಎಸಿ ಸಭಾಂಗಣದಲ್ಲಿ ಅವನು ‘ವಕ್ತೃ’. ಅವನ ಹಾಡಿನಿಂದ ಒಬ್ಬರಿಗೆ ಪಿಎಚ್‌ಡಿ, ಲಂಗದಿಂದ ಇನ್ನೊಬ್ಬರಿಗೆ ಬಡ್ತಿಯ ಅಂಕ. ಅವನ ಬಸ್ ಚಾರ್ಜಿಗೆ ಮಾತ್ರ ಮೂರು ಕಚೇರಿಯ ರುಜು ಬೇಕು.

ಕಡೆಯ ಆಕ್ಷೇಪ: ಕಲಾವಿದನಿಗೆ ದುಡ್ಡಿಗಿಂತ ಗೌರವ ದೊಡ್ಡದು. ಅದನ್ನೂ ಮಾಡುತ್ತಾರೆ, ಇಲ್ಲವೆನ್ನಲಾಗದು. ಎದೆಗೆ ವೀರಭದ್ರನ ಹಲಗೆ, ಕೊರಳಿಗೆ ರುದ್ರಾಕ್ಷಿ, ತಲೆಗೆ ಚವರಿಯ ಜಡೆ ಹೊತ್ತು ನಿಂತವನನ್ನು ವೇದಿಕೆಗೆ ಕರೆದು, ಏಪ್ರಿಲ್ ಮಧ್ಯಾಹ್ನ, ಮೇಲಿಂದ ಒಂದು ಉಣ್ಣೆ ಶಾಲು ಹೊದಿಸುತ್ತಾರೆ. ಫೋಟೋ ಸರಿಯಾಗಿ ಬರಲಿಲ್ಲವೆಂದು ಇನ್ನೊಮ್ಮೆ ಹೊದಿಸುವುದೂ ಉಂಟು.