ಗಿಣಿಮೂತಿ ನಾಡಿನ ಮಕಾವಪ್ಪ

ಶ್ರೀನಿವಾಸಪುರದ ಕಡೆ ಗಿಣಿಮೂತಿ ಅಂದರೆ ಮಾವಿನಕಾಯಿ. ಹೊರಗಿನವರು ತೋತಾಪುರಿ ಅನ್ನುತ್ತಾರೆ. ತುದಿ ಗಿಳಿಯ ಕೊಕ್ಕಿನಂತೆ ಬಾಗಿರುವುದರಿಂದ ಎರಡು ಹೆಸರಿನಲ್ಲೂ ಗಿಳಿ ಕೂತಿದೆ. ಬಾದಾಮಿ ಅಂದರೂ ನಮಗೆ ಮಾವೇ. ಹೀಗಿರುವಾಗ, ಮೂವತ್ತು ವರ್ಷ ಮಂಡಿಯಲ್ಲಿ ಗಿಣಿಮೂತಿ ತೂಗಿದ ಮನುಷ್ಯನೊಬ್ಬ ಒಂದು ಬೆಳಿಗ್ಗೆ ಜಗಲಿಯ ಮೇಲೆ ಕೂತು, ನಿಜವಾದ ಗಿಣಿಮೂತಿಗೆ ನಿಜವಾದ ಬಾದಾಮಿ ತಿನ್ನಿಸುತ್ತಾನೆ ಎಂದು ಊರಿನಲ್ಲಿ ಯಾರೂ ಎಣಿಸಿರಲಿಲ್ಲ.

ಅವನ ಹೆಸರು ಬೇರೆ. ಪತ್ರಿಕೆಯಲ್ಲಿ, ಮದುವೆ ಕಾರ್ಡಿನ 'ಸುಖಾಗಮನ ಬಯಸುವವರು' ಪಟ್ಟಿಯಲ್ಲಿ ಅದೇ ಬೇರೆ ಹೆಸರೇ ಇದೆ. ಬಾಯಲ್ಲಿ ಮಾತ್ರ ಮಕಾವಪ್ಪ. ಹುಡುಕಿದರೆ ಜಿಲ್ಲೆಯಲ್ಲಿ ಇನ್ನೂ ಮೂವರು ಸಿಗಬಹುದು. ಕೋಲಾರದಲ್ಲಿ ಟೊಮೆಟೊ ಕಮಿಷನ್ನಿನವನು, ಮಾಲೂರಿನಲ್ಲಿ ಇಟ್ಟಿಗೆ ಗೂಡು ಮುಚ್ಚಿ ಲೇಔಟ್ ಮಾಡಿದವನು, ಮುಳಬಾಗಿಲಲ್ಲಿ ಹೈವೇ ಪಕ್ಕ ಜಾಗ ಇದ್ದವನು. ಎಲ್ಲರ ಜಾತಕವೂ ಒಂದೇ. ಮೊದಲು ರಾಜಪಾಳಯಂ ನಾಯಿ, ಆಮೇಲೆ ಹಳ್ಳಿಕಾರ್ ಹೋರಿ, ಆಮೇಲೆ ಬಿಳಿ ಕಾರು, ಆಮೇಲೆ ಮಕಾವ್ ಗಿಳಿ. ನನಗೆ ಪರಿಚಯ ಇರುವುದು ನಮ್ಮ ಮಕಾವಪ್ಪನೇ. ಅವನ ಮನೆಯ ಹಿಂದಿನ ಬೀದಿಯಲ್ಲೇ ನಮ್ಮ ಮನೆ. ಪರಿಚಯ ಬೇಡ ಅಂದರೂ ಅವನ ಗಿಳಿ ಬಿಡುವುದಿಲ್ಲ.

ಆ ಗಿಳಿ ಹುಟ್ಟಿದ್ದು ಮೊಟ್ಟೆಯಿಂದ ಎಂದು ಅವನು ಹೇಳುತ್ತಾನೆ. ಟೊಮೆಟೊದಿಂದ ಎಂದು ನಾವು ಹೇಳುತ್ತೇವೆ. 2023ರ ಜುಲೈ ನೆನಪಿದೆಯಲ್ಲ? ಕೋಲಾರದ ಎಪಿಎಂಸಿಯಲ್ಲಿ 15 ಕೆಜಿಯ ಒಂದು ಬಾಕ್ಸು ಎರಡು ಸಾವಿರ ದಾಟಿ, ತೋಟಕ್ಕೆ ರಾತ್ರಿ ಕಾವಲು ಹಾಕಿಕೊಂಡ ತಿಂಗಳು. ಅವತ್ತು ಮಕಾವಪ್ಪನದು ಎರಡು ಎಕರೆ ಕಾಯಿಗೆ ಬಂದಿತ್ತು. ಸಾಲ ತೀರಿಸಿದ, ಹೆಂಡತಿಗೆ ಒಂದೆಳೆ ಸರ ಮಾಡಿಸಿದ, ಮತ್ತೊಂದು ಬೋರ್ ಕೊರೆಸು ಅಂದವರಿಗೆ, "ಸಾವಿರದೈನೂರು ಅಡಿ ಇಳಿದ್ರೂ ಧೂಳೇ ಬರೋದು, ಆ ದುಡ್ಡಲ್ಲಿ ಒಂದು ಜೀವ ಆದ್ರೂ ತರ್ತೀನಿ" ಎಂದು ಬೆಂಗಳೂರಿಗೆ ಹೋಗಿ, ಲಕ್ಷದ ಮೇಲೆ ಕೊಟ್ಟು, ನೀಲಿ ಬೆನ್ನು ಹಳದಿ ಎದೆಯ ಮರಿಯೊಂದನ್ನು ಎದೆಗೆ ಅವಚಿಕೊಂಡು ಬಂದ.

ಅವನ ತಾಯಿಗೆ ಎಂಬತ್ತು ದಾಟಿದೆ. ಒಳಗಿಂದ ಬಂದು ನೋಡಿ, "ಏಮಿರಾ ಈ ರಾಮಚಿಲಕ ಇಂತ ಲಾವು?" ಎಂದರು. ರಾಮಗಿಳಿ ಯಾಕೆ ಇಷ್ಟು ದಪ್ಪ ಎಂದು ಅವರ ಪ್ರಶ್ನೆ. ಮಕಾವಪ್ಪನಿಗೆ ಮುಖ ಸಣ್ಣದಾಯಿತು. "ಅಮ್ಮಾ, ಇದು ದಕ್ಷಿಣ ಅಮೆರಿಕದ್ದು. ಅಮೆಜಾನ್ ಕಾಡು." ಅಜ್ಜಿ, "ಅಷ್ಟು ದೂರದಿಂದ ಬಂದೈತೆ ಅಂದ್ರೆ ಹಸ್ದಿರ್ತದೆ, ಏನಾದ್ರೂ ಹಾಕು" ಅಂದರು.

ಅಲ್ಲಿಂದ ಶುರುವಾಯಿತು ಊಟದ ಕಥೆ.

ಮರಿಗೆ ಹಿಟ್ಟನ್ನು ಕಲಸಿ ಸಿರಿಂಜಿನಲ್ಲಿ ಕುಡಿಸಬೇಕು. 40 ಡಿಗ್ರಿ ಆಸುಪಾಸು ಬೆಚ್ಚಗಿರಬೇಕು. ಹೆಚ್ಚಾದರೆ ಕುತ್ತಿಗೆಯ ಚೀಲ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಒಳಗೇ ನಿಂತು ಹುಳಿಯುತ್ತದೆ. ನಾಲ್ಕೈದು ಗಂಟೆಗೊಮ್ಮೆ ಈ ಸೇವೆ. ಮಕಾವಪ್ಪ ಮೊಬೈಲಿನಲ್ಲಿ ಅಲಾರಂ ಇಟ್ಟ. ಅವನ ಹೆಂಡತಿ ನನ್ನ ಹೆಂಡತಿಯ ಹತ್ತಿರ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಎರಡು ಗಂಡುಮಕ್ಳನ್ನ ಹೆತ್ತೆ. ರಾತ್ರಿ ಅತ್ರೆ ಈ ಮನುಷ್ಯ ಗೋಡೆ ಕಡೆ ತಿರುಗಿ ಮಲಗೋನು. ಈಗ ನೋಡಕ್ಕ, ನಾಲ್ಕು ಗಂಟೆಗೆ ಎದ್ದು ಥರ್ಮಾಮೀಟರ್ ಇಟ್ಕೊಂಡು ಒಲೆ ಮುಂದೆ ನಿಂತಿರ್ತಾನೆ."

ಮರಿ ಬೆಳೆಯಿತು. ಹೆಸರು ರಾಜ ಎಂದು ಇಟ್ಟ. ಈ ಜಾತಿಯಲ್ಲಿ ಗಂಡು ಹೆಣ್ಣು ನೋಡಲು ಒಂದೇ; ತಿಳಿಯಬೇಕಾದರೆ ಪುಕ್ಕ ಕಿತ್ತು ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು. ಕಳಿಸಿದ. ಫಲಿತಾಂಶ ಬಂದ ಮೇಲೆ ರಾಜ ರಾಜಿಯಾದಳು. ಹಣೆಗೆ ಕೈ ಹಚ್ಚಿಕೊಂಡು ಕೂತವನು ಒಂದು ಗಂಟೆಯಲ್ಲೇ ಚೇತರಿಸಿಕೊಂಡು, "ಮನೇಲಿ ಹೆಣ್ಣುಮಗು ಇರ್ಲಿಲ್ಲ, ಬಿಡಣ್ಣ" ಎಂದು ನನಗೇ ಸಮಾಧಾನ ಹೇಳಿದ.

ರಾಜಿಯ ದಿನಚರಿ ಹೀಗಿದೆ. ಬೆಳಿಗ್ಗೆ ಪೆಲೆಟ್ಟು, ಅಂದರೆ ಕಾಳಿನಂತೆ ಒತ್ತಿದ ಗಿಳಿಯಾಹಾರ. ಅದರ ಜೊತೆ ಕ್ಯಾರೆಟ್, ಸಿಹಿಗುಂಬಳ, ನುಗ್ಗೆಸೊಪ್ಪು, ಮೊಳಕೆ ಬಂದ ಹೆಸರುಕಾಳು. ಮಧ್ಯಾಹ್ನ ಪಪ್ಪಾಯಿ, ಸೀಬೆ, ದಾಳಿಂಬೆ. ಸಂಜೆ ಎರಡು ವಾಲ್‌ನಟ್, ನಾಲ್ಕು ಬಾದಾಮಿ. ವಾಲ್‌ನಟ್ಟನ್ನು ನಾವು ಬಾಗಿಲ ಸಂದಿಗೆ ಇಟ್ಟು ಒಡೆಯುತ್ತೇವೆ. ರಾಜಿ ಅದನ್ನು ಕಡಲೆಕಾಯಿಯಂತೆ ಬಿಡಿಸುತ್ತಾಳೆ. ಸೂರ್ಯಕಾಂತಿ ಬೀಜ ಮಾತ್ರ ವಾರಕ್ಕೆ ಒಂದು ಚಿಟಿಕೆ. "ಅದು ಅವಳಿಗೆ ಚಿಪ್ಸು ಇದ್ದಂಗೆ. ಬರೀ ಕೊಬ್ಬು. ಅದನ್ನೇ ತಿನ್ಕೊಂಡು ಕೂತ್ರೆ ಲಿವರ್ ಹೋಗ್ತದೆ" ಎನ್ನುವಾಗ ಮಕಾವಪ್ಪನ ಎಡಗೈಯಲ್ಲಿ ಮೆಣಸಿನಕಾಯಿ ಬೋಂಡಾ ಇರುತ್ತದೆ.

ಕೊಡಬಾರದ್ದರ ಪಟ್ಟಿ ಇನ್ನೂ ಉದ್ದ. ಜ್ಯೂಸ್ ಅಂಗಡಿಯ ಬಟರ್‌ಫ್ರೂಟ್ ವಿಷ. ಚಾಕೊಲೇಟು, ಕಾಫಿ ವಿಷ. ಈರುಳ್ಳಿ ಬೇಡ, ಉಪ್ಪು ಬೇಡ. ಸೇಬು ಕೊಡಬಹುದು, ಬೀಜ ತೆಗೆಯಬೇಕು. ಟೊಮೆಟೊ ಗಿಡದ ಎಲೆ, ತೊಟ್ಟು ಹತ್ತಿರ ತರಬಾರದು. ಯಾವ ಟೊಮೆಟೊ ದುಡ್ಡಿನಲ್ಲಿ ಬಂದಳೋ ಅದರ ಗಿಡವೇ ಅವಳಿಗೆ ಆಗದು! ಕಡಲೆಕಾಯಿಗೆ ಬೂಷ್ಟು ಹಿಡಿದಿದ್ದರೆ ಅದೂ ವಿಷವೇ. ಒಮ್ಮೆ ಬೀಗರು ಪ್ರೀತಿಯಿಂದ ಸೇರು ಕಡಲೆಕಾಯಿ ತಂದರೆ, ಮಕಾವಪ್ಪ ಅದನ್ನು ಒಂದೊಂದೇ ಬಿಡಿಸಿ ಬೆಳಕಿಗೆ ಹಿಡಿದು ನೋಡುತ್ತ ಕೂತ. ಬೀಗರು ಕಾಫಿ ಮುಗಿಸಿ, ನೋಡಿ ನೋಡಿ, ಎದ್ದು ಹೋದರು.

ಇಷ್ಟು ಶಾಸ್ತ್ರದ ನಡುವೆ ರಾಜಿಗೆ ಪ್ರಿಯವಾದದ್ದು ಯಾವುದು? ಅಜ್ಜಿಯ ರಾಗಿಮುದ್ದೆ.

ವಿದೇಶಿ ಪೆಲೆಟ್ಟಿನ ಬಟ್ಟಲನ್ನು ಅವಳು ಮಗುಚಿ ಹಾಕಿದ ದಿನ, ಅಜ್ಜಿ ತಮ್ಮ ತಟ್ಟೆಯಿಂದ ಗೋಲಿಯಷ್ಟು ಮುದ್ದೆ ಮುರಿದು ಕೊಟ್ಟಿದ್ದಾರೆ. ರಾಜಿ ಕಾಲಲ್ಲಿ ಹಿಡಿದು, ಕಣ್ಣು ಅರೆ ಮುಚ್ಚಿ, ತಿಂದಿದ್ದಾಳೆ. ಮಕಾವಪ್ಪ ಹೌಹಾರಿ ಕಾರು ತೆಗೆದ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರೆಗೆ ಏಸಿ ಹಾಕಿಕೊಂಡು ಓಡಿಸಿದ. ತನ್ನ ಮಂಡಿನೋವಿಗೆ ಅದೇ ಬೆಂಗಳೂರಿಗೆ ಕೆಂಪು ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬರುವವನು ಇವನು! ಡಾಕ್ಟರು ಎಲ್ಲ ಕೇಳಿ, "ಮುದ್ದೆಗೆ ಉಪ್ಪು ಹಾಕ್ತೀರಾ?" ಅಂದರು. "ಇಲ್ಲ ಸಾರ್." "ಸಾರಲ್ಲಿ ಅದ್ದಿ ಕೊಟ್ರಾ?" "ಬರೀ ಮುದ್ದೆ ಸಾರ್." "ಹಾಗಾದ್ರೆ ಒಂದು ಗೋಲಿ ತಿನ್ಲಿ ಬಿಡಿ." ವಾಪಸು ಬರುವಾಗ ಅವನ ಮುಖ, ಹರಾಜಿನಲ್ಲಿ ಸ್ವಂತ ತಾಯಿಗೇ ಸೋತವನ ಮುಖದಂತಿತ್ತು.

ಅಜ್ಜಿಗೆ ಮಾತ್ರ ಎರಡು ಆಕ್ಷೇಪ ಉಳಿದಿವೆ. ಒಂದು, ಮುದ್ದೆಯನ್ನು ನುಂಗಬೇಕು, ಇದು ಅಗಿಯುತ್ತದೆ. ಎರಡು, ಎಡಗಾಲಲ್ಲಿ ತಿನ್ನುತ್ತದೆ. ಗಿಳಿಗಳಲ್ಲಿ ಎಡಚರೇ ಹೆಚ್ಚು ಎಂದು ಮಗ ವಿವರಿಸಿದರೆ, "ಕಲಿಸೋರು ಕಲಿಸ್ಬೇಕು" ಎಂದು ಅವರ ತೀರ್ಪು.

ಇನ್ನು ವಾಸ. ಮೊದಲು ರೇಷ್ಮೆ ಹುಳು ಸಾಕುತ್ತಿದ್ದ ಹುಳುಮನೆಯೇ ಈಗ ರಾಜಿಯ ಅರಮನೆ. ಸತುವಿನ ಲೇಪ ಇದ್ದ ಹಳೇ ತಂತಿಯನ್ನು ಕಿತ್ತುಹಾಕಿ ಸ್ಟೀಲಿನದು ಹಾಕಿಸಿದ್ದಾನೆ; ಆ ಲೇಪ ಹೊಟ್ಟೆಗೆ ಹೋದರೆ ಹಕ್ಕಿ ಉಳಿಯುವುದಿಲ್ಲ. ತೇಗದ ಬಾಗಿಲನ್ನು ಅವಳು ಹದಿನೈದು ದಿನದಲ್ಲಿ ಸೌದೆ ಮಾಡಿದ ಮೇಲೆ, ಅಟ್ಟದಲ್ಲಿದ್ದ ಹಳೇ ಬಿದಿರಿನ ಚಂದ್ರಿಕೆಗಳನ್ನು ಒಂದೊಂದಾಗಿ ಇಳಿಸಿ ಕೊಡುತ್ತಿದ್ದಾನೆ. ಹುಳು ಗೂಡು ಕಟ್ಟಲಿ ಎಂದು ಅಪ್ಪ ಹೆಣೆಸಿದ್ದನ್ನು ಗಿಳಿ ಸೀಳಿ ಬಿಸಾಡುತ್ತದೆ. ಬೇಸರ ಬಂದರೆ ತನ್ನ ಪುಕ್ಕವನ್ನೇ ಕಿತ್ತುಕೊಳ್ಳುವ ಜಾತಿಯಂತೆ. ಅದಕ್ಕಿಂತ ಚಂದ್ರಿಕೆ ಹೋಗಲಿ ಎನ್ನುತ್ತಾನೆ. ಹುಳುಮನೆಯ ಹಳೇ ಕಟ್ಟಳೆ ಮಾತ್ರ ಹಾಗೇ ಉಳಿದಿದೆ. ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ಬಾಗಿಲಲ್ಲಿ ನಿಂತು ಅವನ ಹೆಂಡತಿ ಪ್ರತಿಯೊಬ್ಬರಿಗೂ ಅದನ್ನೇ ಕೂಗಿ ಹೇಳುತ್ತಾಳೆ. ಶಾಸಕರ ಕಡೆಯವರು ಬಂದಾಗಲೂ ಬಿಡಲಿಲ್ಲ.

ಮನೆಯೊಳಗೂ ಕ್ರಾಂತಿಯೇ. ನಾನ್‌ಸ್ಟಿಕ್ ಕಾವಲಿ ವಿಪರೀತ ಕಾದರೆ ಅದರ ಹೊಗೆಗೆ ಹಕ್ಕಿ ನಿಂತಲ್ಲೇ ಬೀಳುತ್ತದೆ ಎಂದು ಗೊತ್ತಾದ ದಿನ ಮೂರು ಕಾವಲಿ ಬೀದಿಗೆ ಬಂದವು. ಮುಳಬಾಗಿಲಿನ ಹೋಟೆಲುಗಳಲ್ಲಿ ದೋಸೆ ಬೀಳುವುದು ಕಬ್ಬಿಣದ ಮೇಲೆ, ಅದಕ್ಕೇ ಅಷ್ಟು ರುಚಿ ಎಂದು ಹೆಂಡತಿಗೆ ಹೊಸ ಧರ್ಮ ಬೋಧಿಸಿದ. ಸೊಳ್ಳೆ ಬತ್ತಿ ಹೋಯಿತು, ಊದುಬತ್ತಿ ತುಳಸಿಕಟ್ಟೆಗೆ ಹೋಯಿತು. ಕೊನೆಗೆ ಸಿಗರೇಟೂ ಹೋಯಿತು. ಎದೆಯ ಡಾಕ್ಟರು ಮೂರು ಸಲ, ಹೆಂಡತಿ ಇಪ್ಪತ್ತು ವರ್ಷ ಹೇಳಿದ್ದನ್ನು ಒಂದು ಕೆಜಿ ತೂಕದ ಪ್ರಾಣಿ ಒಂದೇ ವಾರದಲ್ಲಿ ಬಿಡಿಸಿತು.

ಒಮ್ಮೆ ಟಿವಿಯಲ್ಲಿ ಪೆರು ದೇಶದ ನದಿ ದಂಡೆಯಲ್ಲಿ ಮಕಾವ್‌ಗಳು ಗುಂಪುಗುಂಪಾಗಿ ಜೇಡಿಮಣ್ಣು ತಿನ್ನುವುದನ್ನು ತೋರಿಸಿದರು. ಕಾಯಿಗಳಲ್ಲಿನ ವಿಷ ಕಳೆಯಲು ಎಂದು ಕೆಲವರು, ಮಣ್ಣಿನಲ್ಲಿರುವ ಉಪ್ಪಿಗಾಗಿ ಎಂದು ಕೆಲವರು. ನಮ್ಮವನಿಗೆ ಕಾರಣ ಬೇಕಿಲ್ಲ, ಮಣ್ಣು ಬೇಕು. ಜೇಡಿಮಣ್ಣು ಅಂದಮೇಲೆ ಮಾಲೂರು. ಹೆಂಚು ಇಟ್ಟಿಗೆಯ ಊರಿಗೆ ಹೋಗಿ, ಗೂಡಿನವನ ಹತ್ತಿರ ಎರಡು ಬಕೆಟ್ ಮಣ್ಣು ಕೇಳಿದ. "ಒಲೆ ಹಾಕಕ್ಕಾ ಯಜಮಾನ್ರೇ?" "ಅಲ್ಲಪ್ಪಾ, ಮಗೂಗೆ ತಿನ್ನಕ್ಕೆ." ಆ ಗೂಡಿನವನು ಇವತ್ತಿಗೂ ಶ್ರೀನಿವಾಸಪುರದವರನ್ನು ಕಂಡರೆ ಮರುಕದಿಂದ ನೋಡುತ್ತಾನಂತೆ. ಮಣ್ಣನ್ನು ಡಾಕ್ಟರು ಬೇಡ ಅಂದರು. ಎರಡು ಬಕೆಟ್ಟೂ ತುಳಸಿಕಟ್ಟೆಗೆ ಬಂತು.

ಕಾಗದಪತ್ರದ ವಿಷಯದಲ್ಲಿ ಅವನನ್ನು ಮೆಚ್ಚಬೇಕು. 2024ರಲ್ಲಿ ಕೇಂದ್ರ ಪರಿಸರ ಸಚಿವಾಲಯ, ಇಂಥ ವಿದೇಶಿ ಜೀವಿಗಳನ್ನು ಸಾಕಿದವರು ಆರು ತಿಂಗಳೊಳಗೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಎಂದು ನಿಯಮ ತಂದಿತು. ಶುಲ್ಕ 1000 ರೂಪಾಯಿ. ಮಕಾವಪ್ಪ ಬಸ್‌ಸ್ಟ್ಯಾಂಡಿನ ಸೈಬರ್ ಸೆಂಟರಿಗೆ ಹೋದ. ಪಹಣಿ, ರೇಷನ್ ಕಾರ್ಡು ಮಾಡಿ ಮಾಡಿ ಕೈ ಸವೆದ ಹುಡುಗ ತಲೆ ಎತ್ತದೆ ಕೇಳಿದ: "ಸರ್ವೆ ನಂಬರ್ ಹೇಳಣ್ಣ." ಆಮೇಲೆ, "ಆಧಾರ್ ಲಿಂಕ್ ಆಗೈತಾ?" ಅಂತೂ ಆಯಿತು. ಅಜ್ಜನ ಹೆಸರಿನಲ್ಲೇ ಇರುವ ಖಾತೆ ಇವತ್ತಿನವರೆಗೆ ಬದಲಾಗಿಲ್ಲ. ಗಿಳಿಯ ದಾಖಲೆ ಲ್ಯಾಮಿನೇಟ್ ಆಗಿ ದೇವರ ಫೋಟೊ ಪಕ್ಕ ನೇತಾಡುತ್ತಿದೆ.

ನಮ್ಮ ತೋಪಿನ ಹಸಿರು ಗಿಳಿಗೆ ಈ ಭಾಗ್ಯ ಇಲ್ಲ. ಅದನ್ನು ಪಂಜರದಲ್ಲಿಟ್ಟರೆ ವನ್ಯಜೀವಿ ಕಾಯ್ದೆಯಡಿ ಜೈಲು. ಒಂದು ಲೆಕ್ಕಕ್ಕೆ ಅದರ ಭಾಗ್ಯವೇ ದೊಡ್ಡದು ಎನ್ನಿ. ಬಸ್‌ಸ್ಟ್ಯಾಂಡ್ ಮರದಡಿಯ ಗಿಳಿಶಾಸ್ತ್ರದವನು ಕಾಣೆಯಾದದ್ದೂ ಆ ಕಾಯ್ದೆಯಿಂದಲೇ. ಅದನ್ನು ಕಂಡು ಯಾರೋ ಒಬ್ಬ ನಮ್ಮ ಮಕಾವಪ್ಪನಿಗೆ, "ನಿಮ್ಮ ಗಿಳೀನ ಶಾಸ್ತ್ರಕ್ಕೆ ಕೂರಿಸಿ" ಅಂದ. ಕೂರಿಸಿದರೆ ಅದು ಭವಿಷ್ಯದ ಕಾರ್ಡನ್ನು ಎತ್ತುವುದಿಲ್ಲ, ಎರಡು ತುಂಡು ಮಾಡುತ್ತದೆ. ಸೀಬೆ ತೋಟಕ್ಕೆ ಹಸಿರು ಗಿಳಿಗಳು ಇಳಿದಾಗ ಮಕಾವಪ್ಪ ತಮಟೆ ಬಡಿದು, ಕವಣೆ ಬೀಸಿ ಓಡಿಸುತ್ತಾನೆ. ಆಮೇಲೆ ಬೆವರು ಒರೆಸಿಕೊಂಡು ಬಂದು, ಅದೇ ಮರದ ಸೀಬೆಯನ್ನು ಹೋಳು ಮಾಡಿ ರಾಜಿಯ ಬಾಯಿಗಿಡುತ್ತಾನೆ.

2025ರ ಜೂನ್ ಅವನಿಗೆ ಕಷ್ಟದ್ದು. ಚಿತ್ತೂರು ಜಿಲ್ಲೆ ಹೊರಗಿನ ತೋತಾಪುರಿಗೆ ಬಾಗಿಲು ಹಾಕಿತು. ಅಲ್ಲಿನ ಪಲ್ಪ್ ಫ್ಯಾಕ್ಟರಿಗಳನ್ನೇ ನಂಬಿದ್ದ ನಮ್ಮ ಕಾಯಿ ಮಂಡಿಯಲ್ಲೇ ಕೊಳೆಯಿತು. ರೈತರು ಲೋಡುಗಟ್ಟಲೆ ರಸ್ತೆಗೆ ಸುರಿದರು, ಊರು ಬಂದ್ ಆಯಿತು. ಸರ್ಕಾರ ಕ್ವಿಂಟಲಿಗೆ 1616 ರೂಪಾಯಿ ಲೆಕ್ಕ ಹಿಡಿದು ವ್ಯತ್ಯಾಸ ಕೊಡುತ್ತೇವೆ ಎನ್ನುವ ಹೊತ್ತಿಗೆ ಅವನ ತೋಪಿನ ಅರ್ಧ ನೆಲಕ್ಕೆ ಬಿದ್ದಿತ್ತು. ಒಂದು ಸಂಜೆ ಹೋದೆ. ಮಾಗಿದ ಗಿಣಿಮೂತಿಯೊಂದರ ಸಿಪ್ಪೆ, ವಾಟೆ ತೆಗೆದು ಹೋಳು ಮಾಡಿ ರಾಜಿಯ ಮುಂದೆ ಹಿಡಿದಿದ್ದ. ಅವಳು ಮೂಸಿ, ಒಂದು ಕಚ್ಚು ಕಚ್ಚಿ, ನೆಲಕ್ಕೆ ಬಿಟ್ಟು, ವಾಲ್‌ನಟ್ಟಿನ ಡಬ್ಬಿಯತ್ತ ನೋಡಿದಳು. "ನೀನೂ ರೇಟು ಕಟ್ತೀಯೇನಮ್ಮಾ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಡಬ್ಬಿ ತೆರೆದ. ಆ ವರ್ಷ ಬಾದಾಮಿ ನಾಲ್ಕರಿಂದ ಮೂರಕ್ಕೆ ಇಳಿಯಲಿಲ್ಲ. ಅವನ ಬೋಂಡಾ ಮಾತ್ರ ನಿಂತಿತು.

ಮಕಾವ್ ಐವತ್ತು ಅರವತ್ತು ವರ್ಷ ಬದುಕಬಲ್ಲದು. ಮಕಾವಪ್ಪನಿಗೆ ಈಗಲೇ ಐವತ್ತೆಂಟು. ಈ ಗಣಿತ ಅವನಿಗೆ ಹೊಳೆದದ್ದು ತಡವಾಗಿ. ಹೊಳೆದ ಮೇಲೆ ನಿದ್ದೆ ಕೆಟ್ಟಿತು. ಬೆಂಗಳೂರಿನಲ್ಲಿರುವ ಮಕ್ಕಳಿಬ್ಬರನ್ನೂ ಕರೆಸಿ, ವಕೀಲರನ್ನು ಕೂರಿಸಿ, ಭಾಗಪತ್ರಕ್ಕೆ ಸಿದ್ಧನಾದ. ಸಾಕ್ಷಿಗೆ ನಾನು. ರಸ್ತೆ ಪಕ್ಕದ ಎರಡು ಎಕರೆ ತೆಗೆದುಕೊಂಡವನು ರಾಜಿಯನ್ನೂ ಒಯ್ಯಬೇಕು ಎಂದು ಅವನ ಷರತ್ತು. "ಫ್ಲಾಟಲ್ಲಿ ಇವಳು ಒಂದು ಸಲ ಕೂಗಿದ್ರೆ ಅಸೋಸಿಯೇಷನ್‌ನೋರು ನಮ್ಮನ್ನೇ ಖಾಲಿ ಮಾಡಿಸ್ತಾರಪ್ಪ" ಎಂದ ದೊಡ್ಡವನು. ಎರಡು ಎಕರೆ ನನಗಿರಲಿ, ಗಿಳಿ ಅಣ್ಣನಿಗಿರಲಿ ಎಂದ ಚಿಕ್ಕವನು. ಮಾತು ಏರಿತು. ವಕೀಲರು ಕನ್ನಡಕ ತೆಗೆದು, ತಮ್ಮ ಅಭ್ಯಾಸದಂತೆ, "ನೋಡಿ, ಇದನ್ನ ರಾಜಿ..." ಎಂದರು.

ಹೆಸರು ಕೇಳಿದ್ದೇ ತಡ, ಒಳಗಿಂದ ಮಕಾವಪ್ಪನ ಹೆಂಡತಿಯ ದನಿ ಬಂತು: "ತ್ರೀಫೇಸ್ ಬಂತೋ! ಮೋಟ್ರು!"

ಮಕಾವಪ್ಪ ಎದ್ದ. ಏಳು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತ ಮಕ್ಕಳಿಬ್ಬರೂ, ಬಾಲ್ಯದ ರೂಢಿ, ಎದ್ದು ಹಿತ್ತಿಲ ಕಡೆ ಓಡಿದರು. ವಕೀಲರೂ ಅರ್ಧ ಎದ್ದರು; ಅವರಿಗೂ ಎರಡು ಎಕರೆ ಇದೆ. ಮಕಾವಪ್ಪನ ಹೆಂಡತಿ ನನ್ನ ಪಕ್ಕದಲ್ಲೇ ಕಾಫಿ ತಟ್ಟೆ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಕರೆಂಟು ಬಂದಿರಲಿಲ್ಲ. ಅಪ್ಪ ಮಕ್ಕಳು ಸ್ಟಾರ್ಟರ್ ಮುಟ್ಟಿ ನೋಡಿ, ಕೆಸರು ಕಾಲಿನಲ್ಲಿ ಹುಳುಮನೆಯ ಬಾಗಿಲಿಗೆ ವಾಪಸು ಬಂದರು. ಒಳಗಿಂದ ಅದೇ ದನಿ ಮತ್ತೆ ಬಂತು.

"ಕೈಕಾಲ್ ತೊಳ್ಕೊಂಡ್ ಬನ್ನಿ."